ನ್ಯೂರೋ ಓದಿಗೆ ಆಂಕಿ: ಎಲ್ಲಿ ಕೈ ಹಿಡಿಯುತ್ತದೆ, ಎಲ್ಲಿ ಕೈ ಕೊಡುತ್ತದೆ

ಬಿ.ಎಸ್ಸಿ. ನರ್ಸಿಂಗ್ ನಾಲ್ಕನೇ ಸೆಮಿಸ್ಟರ್‌ನ ಅಡಲ್ಟ್ ಹೆಲ್ತ್ ನರ್ಸಿಂಗ್‌ನಲ್ಲಿ ನರರೋಗಗಳ ಘಟಕ ಕಷ್ಟ ಅನ್ನಿಸುವುದು ವಿಷಯ ಅರ್ಥವಾಗದೆ ಅಲ್ಲ, ಅರ್ಥವಾದದ್ದು ಒಂದರೊಳಗೊಂದು ಕಲಸಿಹೋಗುವುದರಿಂದ. ಮೆದುಳಿಗೆ ಪೆಟ್ಟಾದಾಗ ಕೈ ಮಡಚಿ ಎದೆಗೆ ಬರುವುದು ಡೀಕಾರ್ಟಿಕೇಟ್ ಭಂಗಿಯಲ್ಲೋ ಡೀಸೆರಿಬ್ರೇಟ್ ಭಂಗಿಯಲ್ಲೋ? ಹಣೆಯೂ ಸೋಲುವುದು ಮುಖದ ನರ ಸೋಲುವ ಬೆಲ್ಸ್ ಪಾಲ್ಸಿಯಲ್ಲೋ ಪಾರ್ಶ್ವವಾಯುವಿನಲ್ಲೋ? ಸ್ನಾಯುಗಳು ಸೋಲುವ ಮಯಸ್ತೀನಿಯಾದಲ್ಲಿ ಅಟ್ರೋಪಿನ್ ಬೇಕಾಗುವುದು ರೋಗ ಉಲ್ಬಣಿಸಿದ ಮಯಸ್ತೀನಿಕ್ ಕ್ರೈಸಿಸ್‌ಗೋ ಔಷಧಿ ಹೆಚ್ಚಾದ ಕೋಲಿನರ್ಜಿಕ್ ಕ್ರೈಸಿಸ್‌ಗೋ? ಓದಿದ ದಿನ ಎಲ್ಲವೂ ಸ್ಪಷ್ಟ, ಎರಡು ವಾರ ಬಿಟ್ಟು ಕೇಳಿದರೆ ಅದಲು ಬದಲು. ಒಂದು ತಪ್ಪಿಗೆ ಮೂರನೇ ಒಂದು ಅಂಕ ಕಳೆಯುವ, ಏಮ್ಸ್ ನಡೆಸುವ ನರ್ಸಿಂಗ್ ಅಧಿಕಾರಿ ನೇಮಕಾತಿಯ ನಾರ್ಸೆಟ್‌ನಂಥ ಪರೀಕ್ಷೆಯಲ್ಲಿ ಈ ಗೊಂದಲ ದುಬಾರಿ. ಮುಂದೆ ಪ್ರಶ್ನೆ, ಹಿಂದೆ ಉತ್ತರವಿರುವ ಕಾರ್ಡ್‌ಗಳನ್ನು ಮರೆಯುವ ಹೊತ್ತಿಗೆ ಮತ್ತೆ ತೋರಿಸುವ ಆಂಕಿ ಎಂಬ ಫ್ಲ್ಯಾಶ್‌ಕಾರ್ಡ್ ತಂತ್ರಾಂಶ ಇದಕ್ಕೆ ಹೇಳಿ ಮಾಡಿಸಿದಂತಿದೆ. ಆದರೆ ಇದಕ್ಕೆ ಮಾತ್ರ.

2006ರಿಂದ ಇರುವ ಈ ತಂತ್ರಾಂಶ ಕಂಪ್ಯೂಟರಿನಲ್ಲಿ ಉಚಿತ. ಆ್ಯಂಡ್ರಾಯ್ಡ್‌ನಲ್ಲಿ ಆಂಕಿಡ್ರಾಯ್ಡ್ ಹೆಸರಿನಲ್ಲಿ ಸಿಗುತ್ತದೆ, ಅದೂ ಉಚಿತ. ಐಫೋನಿನ ಆಂಕಿಮೊಬೈಲ್‌ಗೆ ಮಾತ್ರ ಒಂದು ಸಲ ಹಣ ಕೊಡಬೇಕು, ವಿದ್ಯಾರ್ಥಿಗಳ ಜೇಬಿಗೆ ಅದು ಭಾರವೇ. ಹೋಲುವ ಹೆಸರಿನ ಬೇರೆ ಆ್ಯಪ್‌ಗಳೂ ಇವೆ, ಇಳಿಸಿಕೊಳ್ಳುವ ಮುನ್ನ ಹೆಸರನ್ನು ಅಕ್ಷರ ಬಿಡದೆ ನೋಡಿಕೊಳ್ಳಿ. ಕಾರ್ಡ್ ಮಾಡುವುದಕ್ಕೆ ಕಂಪ್ಯೂಟರ್, ಬಸ್ಸಿನಲ್ಲೋ ಡ್ಯೂಟಿಯ ನಡುವೆಯೋ ತಿರುವಿಹಾಕುವುದಕ್ಕೆ ಫೋನ್ ಎಂದು ಇಟ್ಟುಕೊಂಡರೆ ಒಳ್ಳೆಯದು. ಫೋನಿನಲ್ಲೇ ಕಾರ್ಡ್ ಬರೆಯಲು ಕೂತರೆ ತಾಳ್ಮೆ ಬೇಗ ಕೆಡುತ್ತದೆ.

ಕಾರ್ಡ್ ಬರೆಯುವ ಬಗೆಯಲ್ಲೇ ಲಾಭನಷ್ಟವೆಲ್ಲ ಇದೆ. ಕಣ್ಣು, ಮಾತು, ಚಲನೆ ನೋಡಿ ರೋಗಿಯ ಎಚ್ಚರಕ್ಕೆ ಅಂಕ ಕೊಡುವ ಗ್ಲಾಸ್ಗೋ ಕೋಮಾ ಸ್ಕೇಲನ್ನೇ (ಜಿಸಿಎಸ್) ನೋಡಿ. 'ಜಿಸಿಎಸ್ ಎಂದರೇನು, ವಿವರಿಸಿ' ಎಂದು ಮುಂದೆ ಬರೆದು, ಹಿಂದೆ ಇಡೀ ಕೋಷ್ಟಕ ಅಂಟಿಸಿದರೆ ಆ ಕಾರ್ಡ್ ಕೆಲಸಕ್ಕೆ ಬಾರದು. ಹದಿನೈದು ಅಂಶಗಳಲ್ಲಿ ಹನ್ನೆರಡು ನೆನಪಾದರೆ ಅದು ಪಾಸೋ ಫೇಲೋ ನಿಮಗೇ ತಿಳಿಯುವುದಿಲ್ಲ. 'ಕ್ಲೋಜ್' ಬಗೆಯ ಕಾರ್ಡ್ ಬಳಸಿ. ಪದವನ್ನು ಆರಿಸಿ ಕಂಟ್ರೋಲ್, ಶಿಫ್ಟ್, ಸಿ ಒತ್ತಿದರೆ ಅದು ಖಾಲಿ ಜಾಗವಾಗುತ್ತದೆ. ಪ್ರತಿ ಖಾಲಿ ಜಾಗಕ್ಕೂ ಬೇರೆ ಸಂಖ್ಯೆ ಇರಬೇಕು. ಎಲ್ಲಕ್ಕೂ ಒಂದೇ ಸಂಖ್ಯೆ ಬಿದ್ದರೆ ಎಲ್ಲವೂ ಒಟ್ಟಿಗೆ ಮಾಯವಾಗಿ ಮತ್ತೆ ಹಳೆಯ ಕಥೆ. ಮೋಟಾರ್ (ಚಲನೆಯ) ಭಾಗಕ್ಕೆ ಹೆಚ್ಚು ಕಾರ್ಡ್ ಬೇಕು, ಜಾರುವುದು ಅಲ್ಲೇ: ನೋವಿನ ಜಾಗಕ್ಕೆ ಕೈ ತಂದರೆ 5, ನೋವಿನಿಂದ ಹಿಂದೆಳೆದರೆ 4, ಅಸಹಜವಾಗಿ ಮಡಚಿದರೆ 3, ಚಾಚಿದರೆ 2. ಇಷ್ಟಾದ ಮೇಲೆ ಸನ್ನಿವೇಶದ ಕಾರ್ಡೊಂದನ್ನು ಸೇರಿಸಿ: ನೋವಿಗೆ ಕಣ್ಣು ತೆರೆಯುತ್ತಾನೆ, ಬರೀ ನರಳುತ್ತಾನೆ, ಕೈ ಹಿಂದೆಳೆಯುತ್ತಾನೆ. 2, 2, 4, ಒಟ್ಟು 8. ತೀವ್ರ ಗಾಯದ ಸಾಲಿಗೆ ಸೇರಿದ, ಶ್ವಾಸನಾಳಕ್ಕೆ ಟ್ಯೂಬ್ ಹಾಕುವ ಯೋಚನೆ ಮಾಡಬೇಕಾದ ರೋಗಿ.

ಸಿಎಸ್‌ಎಫ್ (ಮೆದುಳು, ಬೆನ್ನುಹುರಿಯ ಸುತ್ತಲಿನ ದ್ರವ) ವರದಿಯ ಕೋಷ್ಟಕಕ್ಕೆ ಚಿತ್ರದ ಭಾಗ ಮುಚ್ಚಿ ಕೇಳುವ 'ಇಮೇಜ್ ಆಕ್ಲೂಷನ್' ಸರಿ. 23.10 ಆವೃತ್ತಿಯಿಂದ ಇದು ತಂತ್ರಾಂಶದೊಳಗೇ ಇದೆ, ಬೇರೆ ಆ್ಯಡ್-ಆನ್ ಬೇಡ. ಕೋಷ್ಟಕದ ಚಿತ್ರ ಹಾಕಿ ಒಂದೊಂದು ಚೌಕವನ್ನೂ ಮುಚ್ಚಿ, 'ಎಲ್ಲ ಮುಚ್ಚಿ, ಒಂದನ್ನು ಊಹಿಸು' ಎಂಬ ಆಯ್ಕೆ ತೆಗೆದುಕೊಳ್ಳಿ. ಒಂದನ್ನೇ ಮುಚ್ಚುವ ಆಯ್ಕೆಯಲ್ಲಿ ಪಕ್ಕದ ಚೌಕಗಳೇ ಉತ್ತರ ಹೇಳಿಬಿಡುತ್ತವೆ. ಹೀಗೆ ತಿರುವಿಹಾಕುವಾಗಲೇ ಕ್ಷಯದ ಮೆನಿಂಜೈಟಿಸ್‌ನ (ಮೆದುಳುಪೊರೆಯ ಉರಿಯೂತ) ಇಬ್ಬಗೆ ಕಣ್ಣಿಗೆ ಬೀಳುತ್ತದೆ: ಗ್ಲೂಕೋಸ್ ಬ್ಯಾಕ್ಟೀರಿಯಾದ ಹಾಗೆ ಕಡಿಮೆ, ಜೀವಕೋಶಗಳು ವೈರಸ್ಸಿನ ಹಾಗೆ ಹೆಚ್ಚಾಗಿ ಲಿಂಫೋಸೈಟ್. ನರಗಳು ಸೋಲುವ ಗಿಯಾನ್-ಬಾರೆ ಕಾಯಿಲೆಯಲ್ಲಿ ಪ್ರೋಟೀನ್ ಏರಿದರೂ ಜೀವಕೋಶಗಳ ಎಣಿಕೆ ಸಹಜ, ಇದನ್ನೂ ಅದೇ ಕೋಷ್ಟಕಕ್ಕೆ ಸೇರಿಸಿ. ಹನ್ನೆರಡು ಕ್ರೇನಿಯಲ್ ನರಗಳ ಚಿತ್ರಕ್ಕೂ ಇದೇ ದಾರಿ.

ಕಲಸಿಹೋಗುವ ಜೋಡಿಗಳನ್ನು ಒಂದೇ ಕಾರ್ಡಿನಲ್ಲಿ ಎದುರುಬದುರು ಇಡಬೇಕು, ಜೊತೆಗೆ ಕಾರಣದ ಒಂದು ಸಾಲು ಇರಲೇಬೇಕು. ತಲೆಬುರುಡೆಯೊಳಗಿನ ಒತ್ತಡ ಏರಿದಾಗ ಬರುವ ಕುಶಿಂಗ್ ಲಕ್ಷಣಗಳಲ್ಲಿ ರಕ್ತದೊತ್ತಡ ಮೇಲೆ, ನಾಡಿ ಕೆಳಗೆ, ಉಸಿರಾಟ ಏರುಪೇರು. ರಕ್ತಸ್ರಾವದ ಶಾಕ್‌ನಲ್ಲಿ ಒತ್ತಡ ಕೆಳಗೆ, ನಾಡಿ ಮೇಲೆ. ಫಿಟ್ಸ್ ತಡೆಯುವ ಫೆನಿಟಾಯಿನ್ ಕಾರ್ಡಿಗೆ 'ನಾರ್ಮಲ್ ಸಲೈನ್ ಮಾತ್ರ' ಎಂದಷ್ಟೇ ಬರೆದರೆ ಸಾಲದು. ಡೆಕ್ಸ್‌ಟ್ರೋಸ್‌ಗೆ ಬೆರೆಸಿದರೆ ಹರಳುಗಟ್ಟುತ್ತದೆ, ವಯಸ್ಕರಿಗೆ ನಿಮಿಷಕ್ಕೆ 50 ಮಿ.ಗ್ರಾಂ. ಮೀರಿದರೆ ರಕ್ತದೊತ್ತಡ ಕುಸಿದು ಹೃದಯದ ಲಯ ತಪ್ಪಬಹುದು ಎಂದೂ ಇರಬೇಕು. ಕಾರಣವಿಲ್ಲದ ಕಾರ್ಡ್ ಉರು ಹೊಡೆದ ಮಗ್ಗಿ, ಪ್ರಶ್ನೆ ಸ್ವಲ್ಪ ತಿರುಗಿಸಿ ಕೇಳಿದರೆ ಬಾಯಿ ಕಟ್ಟುತ್ತದೆ.

ಲೆಕ್ಕದ ಪ್ರಶ್ನೆಗಳಿಗೆ ಆಂಕಿ ಸಲ್ಲದು. ಸ್ಟ್ರೋಕ್‌ನಲ್ಲಿ ಹೆಪ್ಪು ಕರಗಿಸುವ ಆಲ್ಟಿಪ್ಲೇಸ್ ಕಿಲೋಗೆ 0.9 ಮಿ.ಗ್ರಾಂ., ಗರಿಷ್ಠ 90, ಅದರಲ್ಲಿ ಶೇ. 10 ಒಂದು ನಿಮಿಷದಲ್ಲಿ ಬೋಲಸ್ (ಒಮ್ಮೆಗೇ ಕೊಡುವ ಡೋಸ್), ಉಳಿದದ್ದು 60 ನಿಮಿಷಗಳಲ್ಲಿ. 60 ಕಿಲೋ ತೂಕದವರಿಗೆ 54, ಅಂದರೆ 5.4 ಬೋಲಸ್, 48.6 ಡ್ರಿಪ್. ಇದನ್ನು ಕಾರ್ಡ್ ಮಾಡಿದರೆ ನಾಲ್ಕನೇ ಸಲಕ್ಕೆ ಲೆಕ್ಕ ಮಾಡದೆ '54' ಎಂಬ ಅಂಕಿಯನ್ನೇ ನೆನಪಿಟ್ಟಿರುತ್ತೀರಿ. ಸೂತ್ರ, 4.5 ಗಂಟೆಯ ಗಡುವು, ಕೊಡುವ ಮುನ್ನ ರಕ್ತದೊತ್ತಡ 185/110ಕ್ಕಿಂತ ಕೆಳಗಿರಬೇಕು ಎಂಬುದು ಕಾರ್ಡಿನಲ್ಲಿರಲಿ. ಲೆಕ್ಕ ಕಾಗದದ ಮೇಲೆ, ಪ್ರತಿ ಸಲ ಬೇರೆ ತೂಕಕ್ಕೆ.

ಹೊಸಬರು ಸೋಲುವುದು ಸೆಟ್ಟಿಂಗ್‌ನಲ್ಲಿ. ದಿನಕ್ಕೆ 20 ಹೊಸ ಕಾರ್ಡ್ ಎಂಬ ಮೊದಲ ಸೆಟ್ಟಿಂಗ್ ಚಿಕ್ಕದಾಗಿ ಕಾಣುತ್ತದೆ. ಆದರೆ ಹಳೆಯ ಕಾರ್ಡ್‌ಗಳು ಮತ್ತೆ ಮತ್ತೆ ಬರುವುದರಿಂದ ಕೆಲವೇ ವಾರಗಳಲ್ಲಿ ದಿನದ ಬಾಕಿ ನೂರು ದಾಟುತ್ತದೆ. ಆಸ್ಪತ್ರೆ ಪೋಸ್ಟಿಂಗ್ ಇರುವ ತಿಂಗಳಲ್ಲಿ 8ರಿಂದ 10 ಸಾಕು. ಡೆಕ್ (ಕಾರ್ಡ್‌ಗಳ ಕಟ್ಟು) ಆಯ್ಕೆಗಳಲ್ಲಿ, ಕಾರ್ಡ್ ಮತ್ತೆ ಯಾವಾಗ ಬರಬೇಕೆಂದು ಲೆಕ್ಕ ಹಾಕುವ ಎಫ್‌ಎಸ್‌ಆರ್‌ಎಸ್ ಚಾಲೂ ಮಾಡಿ, ನೆನಪಿನ ಗುರಿಯನ್ನು 0.90ರಲ್ಲೇ ಬಿಡಿ. 0.97ಕ್ಕೆ ಏರಿಸುವ ಆಸೆ ಎಲ್ಲರಿಗೂ ಬರುತ್ತದೆ, ಏರಿಸಿದರೆ ಬಾಕಿಯ ರಾಶಿ ಬೆಟ್ಟವಾಗುತ್ತದೆ. ಇದಕ್ಕಿಂತ ದೊಡ್ಡ ತಪ್ಪು ಗುಂಡಿ ಒತ್ತುವುದರಲ್ಲಿದೆ. ಉತ್ತರ ಮರೆತಿದ್ದರೆ 'ಅಗೇನ್' ಒತ್ತಬೇಕು. 'ಹಾರ್ಡ್' ಎಂದರೆ ಕಷ್ಟಪಟ್ಟು ನೆನಪಾಯಿತು ಎಂದು, ಮರೆತೆ ಎಂದಲ್ಲ. ಮರೆತಾಗಲೆಲ್ಲ 'ಹಾರ್ಡ್' ಒತ್ತುತ್ತಾ ಹೋದರೆ ಲೆಕ್ಕಾಚಾರ ಕೆಟ್ಟು, ಗೊತ್ತಿಲ್ಲದ ಕಾರ್ಡೇ ವಾರಗಟ್ಟಲೆ ದೂರ ಹೋಗುತ್ತದೆ. ಎಂಟು ಸಲ ಮರೆತ ಕಾರ್ಡನ್ನು ಆಂಕಿ ತಾನೇ 'ಲೀಚ್' ಎಂದು ಗುರುತಿಸುತ್ತದೆ. ಅದನ್ನು ಹಾಗೇ ಬಿಡಬೇಡಿ, ಒಡೆದು ಎರಡು ಕಾರ್ಡ್ ಮಾಡಿ.

ಬೇರೆಯವರು ಹಂಚಿದ ಸಿದ್ಧ ಡೆಕ್‌ಗಳ ಬಗ್ಗೆ ಎಚ್ಚರ ಬೇಕು. ನರ್ಸಿಂಗ್ ಡೆಕ್‌ಗಳಲ್ಲಿ ಅನೇಕವು ಅಮೆರಿಕದ ನರ್ಸಿಂಗ್ ಲೈಸೆನ್ಸ್ ಪರೀಕ್ಷೆ ಎನ್‌ಕ್ಲೆಕ್ಸ್‌ಗೆಂದು ಮಾಡಿದವು. ಪ್ಯಾರಾಸಿಟಮಾಲ್ ಅಲ್ಲಿ ಅಸಿಟಮಿನೋಫೆನ್, ಅಡ್ರಿನಲಿನ್ ಎಪಿನೆಫ್ರಿನ್. ಮೆದುಳಿನ ಲಾಡಿಹುಳು, ಕ್ಯೂಲೆಕ್ಸ್ ಸೊಳ್ಳೆ ಹರಡುವ ಜಪಾನೀಸ್ ಎನ್ಸೆಫಲೈಟಿಸ್ ನಮ್ಮಲ್ಲಿರುವಷ್ಟು ಅಲ್ಲಿ ಮುಖ್ಯವಲ್ಲ. 1957ರಲ್ಲಿ ಶಿವಮೊಗ್ಗದ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ, ಉಣ್ಣೆಹುಳು ಹರಡುವ ಮಂಗನ ಕಾಯಿಲೆಯನ್ನಂತೂ ಅಂಥ ಡೆಕ್‌ಗಳಿಂದ ನಿರೀಕ್ಷಿಸಬೇಡಿ. ಕೆಲವರಲ್ಲಿ ಜ್ವರ ಇಳಿದು ಮತ್ತೆ ಏರುವ ಎರಡನೇ ಹಂತದಲ್ಲಿ ಅದು ನರಮಂಡಲವನ್ನು ಮುಟ್ಟುತ್ತದೆ. ಈ ಕಾರ್ಡ್‌ಗಳನ್ನು ನೀವೇ ಬರೆದುಕೊಳ್ಳಬೇಕು. ಕನ್ನಡದಲ್ಲಿ ಬರೆಯುವವರಿಗೊಂದು ಮಾತು: ಹಳೆಯ ನುಡಿ ಅಥವಾ ಬರಹ ಫಾಂಟಿನಲ್ಲಿ ಟೈಪಾದ ನೋಟ್ಸನ್ನು ನೇರ ಅಂಟಿಸಿದರೆ ಅಕ್ಷರಗಳೆಲ್ಲ ಗಜಿಬಿಜಿ. ಯೂನಿಕೋಡ್‌ಗೆ ಪರಿವರ್ತಿಸಿ ಅಂಟಿಸಿ.

ಇನ್ನು ಆಂಕಿ ಪೂರ್ತಿ ಕೈ ಕೊಡುವ ಜಾಗ: 'ನರ್ಸ್ ಮೊದಲು ಏನು ಮಾಡಬೇಕು' ಎಂಬ ಪ್ರಶ್ನೆ. ಬೆನ್ನುಹುರಿಯ ಟಿ6 (ಎದೆಭಾಗದ ಆರನೇ ಮಟ್ಟ) ಅಥವಾ ಅದಕ್ಕೂ ಮೇಲೆ ಪೆಟ್ಟಾದ ರೋಗಿಗೆ ಹಠಾತ್ ತಲೆನೋವು, ಮುಖ ಕೆಂಪು, ರಕ್ತದೊತ್ತಡ 200 ದಾಟಿದೆ. ಅಟೊನಾಮಿಕ್ ಡಿಸ್‌ರಿಫ್ಲೆಕ್ಸಿಯಾ ಎಂದು ಗುರುತಿಸಲು ಕಾರ್ಡ್ ಸಾಕು. ಆದರೆ ನಾಲ್ಕೂ ಆಯ್ಕೆಗಳು ಸರಿಯಾಗಿಯೇ ಕಾಣುವಾಗ ಮೊದಲು ನೆಟ್ಟಗೆ ಕೂರಿಸಿ, ಬಿಗಿ ಬಟ್ಟೆ ಸಡಿಲಿಸಿ, ಆಮೇಲೆ ಕ್ಯಾಥೆಟರ್ ಮಡಚಿದೆಯೇ ನೋಡಿ, ಮಾತ್ರೆ ಅದರ ನಂತರ ಎಂಬ ಕ್ರಮ ಪ್ರಶ್ನೆಪತ್ರಿಕೆ ಬಿಡಿಸಿಯೇ ಕೈಗೂಡುವುದು. ದೀರ್ಘ ಉತ್ತರಕ್ಕೂ ಅಷ್ಟೇ. ಗಿಯಾನ್-ಬಾರೆಯ ಲಕ್ಷಣಗಳೆಲ್ಲ ನಾಲಗೆ ತುದಿಯಲ್ಲಿದ್ದರೂ ನರ್ಸಿಂಗ್ ಕೇರ್ ಪ್ಲ್ಯಾನಿನಲ್ಲಿ ಉಸಿರಾಟವನ್ನು ಮೊದಲಿಗಿಟ್ಟು, ವೈಟಲ್ ಕೆಪಾಸಿಟಿ (ಒಂದು ಉಸಿರಿಗೆ ಹೊರಬಿಡಬಲ್ಲ ಗಾಳಿ) ಅಳೆಯುವುದನ್ನು ಬರೆಯದಿದ್ದರೆ ಉತ್ತರ ಸೊರಗುತ್ತದೆ. ಇದಕ್ಕೆ ಪೆನ್ನು, ಕಾಗದ, ಗಡಿಯಾರವೇ ಬೇಕು.

ಪರೀಕ್ಷೆಗೆ ಎರಡು ತಿಂಗಳಾದರೂ ಇದ್ದರೆ ಆಂಕಿ ಶುರು ಮಾಡಿ. ಹತ್ತೇ ದಿನ ಉಳಿದಿದ್ದರೆ ಹೊಸದಾಗಿ ಕಲಿಯಲು ಹೋಗಬೇಡಿ, ಕಾರ್ಡ್ ಮಾಡುವುದರಲ್ಲೇ ಹೊತ್ತು ಹೋಗುತ್ತದೆ. ಈಗಾಗಲೇ ಕಾರ್ಡ್ ಇರುವವರು ಆ ಹತ್ತು ದಿನ ಹೊಸ ಕಾರ್ಡ್ ಸಂಖ್ಯೆಯನ್ನು ಸೊನ್ನೆಗೆ ಇಳಿಸಿ, ಬಾಕಿ ತೀರಿಸಿ, ಉಳಿದ ಹೊತ್ತನ್ನು ಹಳೆಯ ಪ್ರಶ್ನೆಪತ್ರಿಕೆಗಳಿಗೆ ಕೊಡಿ.