"27.5 ಚಕ್ರ ತಾನೇ, ಕೂತ್ಕೊಳುತ್ತೆ ಬಿಡಿ" ಎನ್ನುವವರಿಂದ ಸಸ್ಪೆನ್ಷನ್ ಫೋರ್ಕ್ ಕೊಳ್ಳುವ ಮುನ್ನ

ಮೂವತ್ತು ನಲವತ್ತು ಸಾವಿರ ರೂಪಾಯಿಯ ಹಾರ್ಡ್‌ಟೇಲ್ (ಹಿಂದೆ ಸಸ್ಪೆನ್ಷನ್ ಇಲ್ಲದ) ಮೌಂಟನ್ ಬೈಕ್ ಇಟ್ಟುಕೊಂಡು, ಅದರ ಮುಂಚಕ್ರವನ್ನು ಹಿಡಿದು ಕುಲುಕಾಟ ತಗ್ಗಿಸುವ ಸ್ಪ್ರಿಂಗ್ ಫೋರ್ಕನ್ನು ತೆಗೆಸಿ ಏರ್ ಫೋರ್ಕ್ ಹಾಕಿಸಬೇಕೆಂದು ಯೋಚಿಸುತ್ತಿರುವವರು ಮುಂಗಡ ಕೊಡುವ ಮೊದಲು ಇದನ್ನು ಓದಬೇಕೆಂದು ಕೋರುತ್ತೇನೆ. ಬೆಂಗಳೂರಿನ ಒಂದು ಸೈಕಲ್ ಅಂಗಡಿಯಲ್ಲಿ ನನಗಾದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಅಂಗಡಿಯ ಹೆಸರು ಹಾಕುತ್ತಿಲ್ಲ. ದೂರು ಇನ್ನೂ ನಡೆಯುತ್ತಿರುವುದು ಒಂದು ಕಾರಣವಾದರೆ, ಗೆಳೆಯರ ಬಳಿ ವಿಚಾರಿಸಿದಾಗ ಇದೇ ಮಾತು ಇದೇ ಧಾಟಿಯಲ್ಲಿ ಬೇರೆ ಅಂಗಡಿಗಳಲ್ಲೂ ಕೇಳಿಬರುತ್ತದೆಂದು ತಿಳಿದದ್ದು ಇನ್ನೊಂದು ಕಾರಣ.

ಫೋರ್ಕ್ ಬದಲಿಸಬೇಕೆಂಬ ಆಸೆಯಲ್ಲಿ ತಪ್ಪೇನೂ ಇಲ್ಲ. ಈ ದರದ ಸೈಕಲ್‌ಗಳಿಗೆ ಕಂಪನಿಯಿಂದಲೇ ಬರುವ ಕಾಯಿಲ್ ಸ್ಪ್ರಿಂಗ್ ಫೋರ್ಕ್ ಸುಮಾರು ಎರಡೂವರೆ ಕಿಲೋ ತೂಗುತ್ತದೆ. ಒಳಗಿನ ಸ್ಪ್ರಿಂಗ್ ಯಾವುದೋ ಒಂದು ಸರಾಸರಿ ತೂಕದ ಸವಾರನಿಗೆಂದು ಹಾಕಿದ್ದಾಗಿರುತ್ತದೆ. ಐವತ್ತೈದು ಕಿಲೋದವರಿಗೆ ಅದು ಅಲುಗುವುದೇ ಇಲ್ಲ, ತೊಂಬತ್ತು ಕಿಲೋದವರಿಗೆ ಪ್ರತಿ ಹಳ್ಳಕ್ಕೂ ತಳ ಮುಟ್ಟುತ್ತದೆ. ಅಗ್ಗದ ಮಾದರಿಗಳಲ್ಲಿ ರಿಬೌಂಡ್ ನಿಯಂತ್ರಣ ಇರುವುದೇ ಇಲ್ಲವಾದ್ದರಿಂದ ತುರಹಳ್ಳಿಯ ಬಂಡೆಗಳ ಮೇಲಾಗಲಿ ಅವಲಹಳ್ಳಿಯ ಬೇರುಗಳ ದಾರಿಯಲ್ಲಾಗಲಿ ಒತ್ತಿಕೊಂಡ ಫೋರ್ಕ್ ಅಷ್ಟೇ ರಭಸದಿಂದ ಹಿಂದಕ್ಕೆ ಚಿಮ್ಮಿ, ಮುಂಚಕ್ರ ನೆಲ ಬಿಡುತ್ತದೆ. ಏರ್ ಫೋರ್ಕ್‌ನಲ್ಲಿ ಸ್ಪ್ರಿಂಗ್ ಜಾಗದಲ್ಲಿ ಗಾಳಿ ಇರುವುದರಿಂದ ನಮ್ಮ ತೂಕಕ್ಕೆ ತಕ್ಕಂತೆ ಒತ್ತಡ ಹೊಂದಿಸಿಕೊಳ್ಳಬಹುದು, ತೂಕದಲ್ಲೂ ಅರ್ಧ ಕಿಲೋ ಆಸುಪಾಸು ಇಳಿಯುತ್ತದೆ. ಇಷ್ಟು ನಿಜವಾದ ಲಾಭ ಇರುವುದರಿಂದಲೇ ಈ ವ್ಯಾಪಾರದಲ್ಲಿ ಗಿರಾಕಿಯನ್ನು ಒಪ್ಪಿಸುವುದು ಸುಲಭ.

ನಾನು ಸೈಕಲ್ಲನ್ನೇ ಅಂಗಡಿಗೆ ಒಯ್ದು, ಇದಕ್ಕೆ ಹೊಂದುವ ಏರ್ ಫೋರ್ಕ್ ಬೇಕೆಂದು ಕೇಳಿದ್ದೆ. ಮಾಲೀಕರು ಚಕ್ರದ ಟೈರ್ ಮೇಲಿನ ಇಂಚಿನ ಅಳತೆ ಓದಿ, "27.5 ಚಕ್ರ ತಾನೇ ಸರ್, ಕೂತ್ಕೊಳುತ್ತೆ ಬಿಡಿ, ಸಂಜೆ ಬಂದು ತಗೊಂಡು ಹೋಗಿ" ಎಂದರು. ತೋರಿಸಿದ್ದು ಪೆಟ್ಟಿಗೆಯಲ್ಲಿದ್ದ, ಹಳೆಯ ಸ್ಟಾಕ್ ಎಂಬ ಕಾರಣಕ್ಕೆ ಬೆಲೆ ಇಳಿಸಿದ್ದ, 140 ಮಿ.ಮೀ. ಟ್ರಾವೆಲ್‌ನ (ಒತ್ತಿದಾಗ ಫೋರ್ಕ್ ಕುಗ್ಗುವ ದೂರ) ಫೋರ್ಕ್, ಬೆಲೆ 22,000 ರೂಪಾಯಿ. ನನ್ನ ಸೈಕಲ್‌ನಲ್ಲಿದ್ದದ್ದು 100 ಮಿ.ಮೀ. ಎಂದು ಹೇಳಿದಾಗ, "ಜಾಸ್ತಿ ಇದ್ರೆ ಒಳ್ಳೇದೇ ಅಲ್ವಾ ಸರ್" ಎಂಬ ಉತ್ತರ ಬಂತು. ಚಕ್ರದ ಗಾತ್ರ ಎಂಬುದು ಫೋರ್ಕ್ ಹೊಂದಾಣಿಕೆಯ ಮೊದಲ ಪ್ರಶ್ನೆ ಮಾತ್ರ. ಅದರ ನಂತರ ಸ್ಟೀರರ್ ಯಾವ ಬಗೆಯದು, ಚಕ್ರವನ್ನು ಫೋರ್ಕ್‌ಗೆ ಹಿಡಿದಿಡುವ ಆಕ್ಸಲ್ ಎಷ್ಟರದ್ದು, ಬ್ರೇಕ್ ಕೂರುವ ಜಾಗ ಎಷ್ಟು ಮಿಲಿಮೀಟರ್ ಡಿಸ್ಕ್‌ಗೆಂದು ಮಾಡಿದ್ದು, ಫ್ರೇಮ್ ಎಷ್ಟು ಉದ್ದದ ಫೋರ್ಕನ್ನು ತಡೆದುಕೊಳ್ಳುತ್ತದೆ ಎಂಬ ಪ್ರಶ್ನೆಗಳಿವೆ. ಅಂಗಡಿಯಲ್ಲಿ ಅವುಗಳಲ್ಲಿ ಒಂದನ್ನೂ ಯಾರೂ ಕೇಳಲಿಲ್ಲ, ವರ್ನಿಯರ್ ಕ್ಯಾಲಿಪರ್ ಗೋಡೆಯ ಮೊಳೆಯಿಂದ ಕೆಳಗಿಳಿಯಲಿಲ್ಲ.

ಮೊದಲು ಕೈಕೊಟ್ಟದ್ದು ಸ್ಟೀರರ್. ಫೋರ್ಕ್‌ನ ನೆತ್ತಿಯಿಂದ ಮೇಲೆದ್ದು, ಫ್ರೇಮಿನ ಮುಂತುದಿಯ ಹೆಡ್ ಟ್ಯೂಬ್ ಒಳಗೆ ತೂರಿ, ಹ್ಯಾಂಡಲ್ ಹಿಡಿದಿರುವ ಸ್ಟೆಮ್‌ಗೆ ಸೇರುವ ಕೊಳವೆಯೇ ಸ್ಟೀರರ್. ಹಳೆಯ ಹಾಗೂ ಕಡಿಮೆ ಬೆಲೆಯ ಸೈಕಲ್‌ಗಳಲ್ಲಿ ಅದು ಮೇಲಿಂದ ಕೆಳತನಕ 28.6 ಮಿ.ಮೀ. ದಪ್ಪದ ನೇರ ಕೊಳವೆಯಾಗಿರುತ್ತದೆ. ಈಚಿನ ಫೋರ್ಕ್‌ಗಳಲ್ಲಿ ಮೇಲೆ ಅಷ್ಟೇ ಇದ್ದು ಬುಡದಲ್ಲಿ ಒಂದೂವರೆ ಇಂಚಿಗೆ ಅಗಲವಾಗುವ ಟೇಪರ್ಡ್ ಸ್ಟೀರರ್ ಬರುತ್ತದೆ. ನನಗೆ ಕೊಟ್ಟದ್ದು ಟೇಪರ್ಡ್, ನನ್ನ ಫ್ರೇಮ್ ನೇರ ಸ್ಟೀರರ್‌ನದ್ದು. ಹೆಡ್ ಟ್ಯೂಬಿನ ಒಳವ್ಯಾಸ 34 ಮಿ.ಮೀ. ಇದ್ದಿದ್ದರೆ ಸ್ಟೀರರ್ ತೂರದೆ ಕಥೆ ಅಲ್ಲಿಗೇ ಮುಗಿದು ಹಣವೂ ವಾಪಸ್ ಬರುತ್ತಿತ್ತೇನೋ. ದುರದೃಷ್ಟವೆಂದರೆ ನನ್ನದು 44 ಮಿ.ಮೀ.; ಅಂಥ ಫ್ರೇಮಿಗೆ ಕೆಳಗಡೆ ಹೊರಚಾಚುವ ಕಪ್ ಇರುವ ಬೇರೆ ಹೆಡ್‌ಸೆಟ್ (ಸ್ಟೀರರ್ ತಿರುಗಲು ಆಸರೆಯಾಗುವ ಬೇರಿಂಗ್‌ಗಳ ಜೋಡಿ) ಹಾಕಿದರೆ ಟೇಪರ್ಡ್ ಸ್ಟೀರರ್ ಕೂರುತ್ತದೆ. ಈ ವ್ಯವಸ್ಥೆ ತನ್ನಷ್ಟಕ್ಕೆ ತಪ್ಪಲ್ಲ, ಹೆಸರಾಂತ ಕಂಪನಿಗಳೇ ಅಂಥ ಕಪ್ ಮಾಡುತ್ತವೆ. ಆದರೆ ಆ ಕಪ್ ಅಂಗಡಿಯಲ್ಲಿ ಇರಲಿಲ್ಲ, ತರಿಸಬೇಕಿತ್ತು. ಅದು ಬರುವ ಮೊದಲೇ ಕೆಲಸದ ಹುಡುಗ ಹಳೆಯ ಫೋರ್ಕನ್ನೂ ಹೊಸದನ್ನೂ ನೆಲದ ಮೇಲೆ ಅಕ್ಕಪಕ್ಕ ಮಲಗಿಸಿ, ನೆತ್ತಿಗೆ ನೆತ್ತಿ ಜೋಡಿಸಿ, ಮಾರ್ಕರ್‌ನಿಂದ ಗೆರೆ ಎಳೆದು, ಹೊಸ ಸ್ಟೀರರ್ ಅನ್ನು ಹ್ಯಾಕ್ಸಾದಲ್ಲಿ ಕೊಯ್ದುಬಿಟ್ಟಿದ್ದ. ಸಂಜೆ ನಾನು ಹೋದಾಗ ಬೆಂಚಿನ ಮೇಲೆ ಕತ್ತರಿಸಿದ ತುಂಡು ಬಿದ್ದಿತ್ತು, ಕೊಯ್ದ ಬಾಯಿ ಒಂದು ಕಡೆಗೆ ಓರೆಯಾಗಿತ್ತು, ಅಂಚಿನ ಅಲ್ಯೂಮಿನಿಯಂ ಮುಳ್ಳುಗಳನ್ನು ಅರದಿಂದ ಉಜ್ಜಿರಲೂ ಇಲ್ಲ.

ಹೊರಚಾಚುವ ಕಪ್ ಫ್ರೇಮಿನ ಕೆಳಗೆ ಸುಮಾರು ಒಂದು ಸೆಂಟಿಮೀಟರ್ ಜಾಗ ತೆಗೆದುಕೊಳ್ಳುತ್ತದೆ, ಎಂದರೆ ಸ್ಟೀರರ್ ಹಳೆಯದಕ್ಕಿಂತ ಅಷ್ಟು ಉದ್ದವಿರಬೇಕು. ಹಳೆಯ ಅಳತೆಗೆ ಕೊಯ್ದದ್ದರಿಂದ ಅದು ಅಷ್ಟೇ ಗಿಡ್ಡವಾಯಿತು. ಸ್ಟೆಮ್ ಕೆಳಗಿದ್ದ ಒಂದೇ ಒಂದು ತೆಳು ಸ್ಪೇಸರ್ ಬಳೆ ತೆಗೆದ ಮೇಲೂ ಕೊಳವೆಯ ತುದಿ ಸ್ಟೆಮ್ಮಿನ ಮೇಲಂಚಿಗಿಂತ ಬಹಳ ಕೆಳಗೇ ನಿಂತಿತು. ಸರಿಯಾದ ಜೋಡಣೆಯಲ್ಲಿ ಈ ಅಂತರ ಮೂರು ಮಿಲಿಮೀಟರ್ ಆಸುಪಾಸು ಇರಬೇಕು. ಹೆಚ್ಚಾದಷ್ಟೂ ಸ್ಟೆಮ್ಮಿನ ಮೇಲಿನ ಬೋಲ್ಟ್‌ಗೆ ಹಿಡಿಯಲು ಕೊಳವೆಯೇ ಸಿಗುವುದಿಲ್ಲ. ಇಳಿಜಾರಿನಲ್ಲಿ ಇಡೀ ಮೈಭಾರ ಹೊರುವುದು ಆ ಹಿಡಿತವೇ. ಇದಕ್ಕೆ ಅಂಗಡಿಯವರು ಕಂಡುಕೊಂಡ ಪರಿಹಾರ ಕೊಳವೆಯನ್ನು ಹಿಡಿಯುವ ಭಾಗ ಗಿಡ್ಡವಿರುವ ಇನ್ನೊಂದು ಸ್ಟೆಮ್, ಅದರ ಬೆಲೆ ನನ್ನ ಲೆಕ್ಕಕ್ಕೆ.

ಚಕ್ರ ಹಾಕಲು ಹೋದಾಗ ಎರಡನೆಯ ಸಂಗತಿ ಹೊರಬಿತ್ತು. ನನ್ನ ಮುಂಚಕ್ರ 9 ಮಿ.ಮೀ. ಕ್ವಿಕ್ ರಿಲೀಸ್‌ನದ್ದು (ಸನ್ನೆ ತಿರುಗಿಸಿ ಬಿಚ್ಚುವ ತೆಳು ಆಕ್ಸಲ್), ಚಕ್ರದ ನಡುವಿನ ಹಬ್ಬಿನ ಅಗಲ 100 ಮಿ.ಮೀ. ಹೊಸ ಫೋರ್ಕ್ ಬೂಸ್ಟ್ ಅಳತೆಯದ್ದು, ಅಂದರೆ ಹಬ್ಬಿನ ಮೂಲಕ ತೂರುವ 15 ಮಿ.ಮೀ. ಥ್ರೂ ಆಕ್ಸಲ್ ಮತ್ತು 110 ಮಿ.ಮೀ. ಅಗಲ. ಕೋನ್ ಬೇರಿಂಗ್ ಇರುವ ಹಳೆಯ ಹಬ್ಬಿನಲ್ಲಿ 15 ಮಿ.ಮೀ. ಆಕ್ಸಲ್ ತೂರಲು ದಾರಿಯೇ ಇಲ್ಲ. ಆಗ ಮಾಲೀಕರು, "ಚಿಂತೆ ಮಾಡ್ಬೇಡಿ ಸರ್, ಲೇತ್‌ನಲ್ಲಿ ಎರಡು ಬುಷ್ ಮಾಡಿಸಿ ಹಾಕಿಸ್ತೀನಿ" ಎಂದರು. ಫೋರ್ಕಿನ ಎರಡು ತೂತುಗಳಿಗೆ ಅಲ್ಯೂಮಿನಿಯಂ ಬುಷ್ ಬಡಿದು, ಒಂದೊಂದು ಬದಿಯಲ್ಲಿ ಐದು ಮಿಲಿಮೀಟರ್ ದಪ್ಪದ ಬಿಲ್ಲೆ ಕೂರಿಸಿ, ನಡುವೆ ತೆಳು ಸ್ಕ್ಯೂಅರ್ ಸರಳು ಹಾಕುವುದು ಅವರ ಯೋಜನೆ. ಇದನ್ನು ಯಾರಾದರೂ ಸೂಚಿಸಿದರೆ ಸೈಕಲ್ ಎತ್ತಿಕೊಂಡು ಹೊರಬನ್ನಿ. ಥ್ರೂ ಆಕ್ಸಲ್ ಫೋರ್ಕ್‌ನ ಎರಡು ಕಾಲುಗಳನ್ನು ಒಂದಕ್ಕೊಂದು ಬಿಗಿದಿಡುವುದೇ ಆ ದಪ್ಪ ಆಕ್ಸಲ್. ಅದರ ಜಾಗದಲ್ಲಿ ಐದು ಮಿಲಿಮೀಟರ್ ಸರಳು ಹಾಕಿದರೆ ಡಿಸ್ಕ್ ಬ್ರೇಕ್ ಒತ್ತಿದಾಗ ಬೀಳುವ ತಿರುಚಾಟವನ್ನು ತಡೆಯಲು ಏನೂ ಉಳಿಯುವುದಿಲ್ಲ. ಬೂಸ್ಟ್‌ನಲ್ಲಿ ಡಿಸ್ಕ್ ಕೂಡ ಐದು ಮಿಲಿಮೀಟರ್ ಹೊರಗೆ ಸರಿದಿರುತ್ತದೆ, ಆದ್ದರಿಂದ ಬ್ರೇಕ್ ಕ್ಯಾಲಿಪರ್ ನಡುವೆ ಅದು ಬರುವುದೂ ಇಲ್ಲ. ನಾನು ಒಪ್ಪದೆ ಹೋದದ್ದರಿಂದ ಹೊಸ ಹಬ್, ಹೊಸ ಕಡ್ಡಿ, ಚಕ್ರ ಕಟ್ಟುವ ಕೂಲಿ ಎಂದು 7,500 ರೂಪಾಯಿಯ ಚೀಟಿ ಬಂತು. ಬ್ರೇಕ್‌ನದ್ದು ಸಣ್ಣ ವಿಷಯ: ಫೋರ್ಕ್ ಕನಿಷ್ಠ 180 ಮಿ.ಮೀ. ಡಿಸ್ಕ್‌ಗೆಂದು ಮಾಡಿದ್ದರಿಂದ ನನ್ನ 160ರ ಡಿಸ್ಕ್ ನಿರುಪಯೋಗಿಯಾಯಿತು. ಚಿಕ್ಕದಕ್ಕೆ ದೊಡ್ಡದು ಮಾಡುವ ಅಡಾಪ್ಟರ್ ಸಿಗುತ್ತದೆ, ದೊಡ್ಡದಕ್ಕೆ ಚಿಕ್ಕದು ಮಾಡುವುದು ಸಿಗುವುದಿಲ್ಲ.

ಇಷ್ಟೆಲ್ಲ ದುಡ್ಡು ಸುರಿದು ಸರಿಮಾಡಿಕೊಳ್ಳಬಹುದಾದ ಸಂಗತಿಗಳು. ದುಡ್ಡಿನಿಂದ ಸರಿಹೋಗದ್ದು ಟ್ರಾವೆಲ್. 40 ಮಿ.ಮೀ. ಹೆಚ್ಚು ಟ್ರಾವೆಲ್ ಎಂದರೆ ಫೋರ್ಕ್ ಹೆಚ್ಚುಕಡಿಮೆ ಅಷ್ಟೇ ಉದ್ದ. ಅದರ ಮೇಲೆ ಹೊಸ ಕಪ್ಪಿನ ಒಂದು ಸೆಂಟಿಮೀಟರ್. ಸೈಕಲ್‌ನ ಮುಂಭಾಗ ಒಟ್ಟು ಐದು ಸೆಂಟಿಮೀಟರ್ ಮೇಲೆದ್ದಿತು. ಎರಡು ಸೆಂಟಿಮೀಟರ್ ಏರಿದರೆ ಹೆಡ್ ಟ್ಯೂಬಿನ ಕೋನ ಸುಮಾರು ಒಂದು ಡಿಗ್ರಿ ಹಿಂದಕ್ಕೆ ಬಾಗುತ್ತದೆಂಬ ಲೆಕ್ಕದಲ್ಲಿ ನನ್ನದು ಎರಡೂವರೆ ಡಿಗ್ರಿ ಬಾಗಿತು. ಕೂತಾಗ ಏರ್ ಫೋರ್ಕ್ ಸ್ವಲ್ಪ ಹೆಚ್ಚು ತಗ್ಗುವುದರಿಂದ ಸವಾರಿಯಲ್ಲಿ ವ್ಯತ್ಯಾಸ ಅಷ್ಟು ದೊಡ್ಡದಲ್ಲ ಎಂದು ವಾದಿಸುವವರಿದ್ದಾರೆ. ಒಂದು ಸೆಂಟಿಮೀಟರ್ ಕಳೆಯಿರಿ, ಎರಡೂವರೆ ಸೆಂಟಿಮೀಟರೇ ಬೇಕಾದರೂ ಕಳೆಯಿರಿ, ಉಳಿದದ್ದೂ ಕಡಿಮೆಯಲ್ಲ. ಸೀಟು ಹಿಂದಕ್ಕೆ ವಾಲಿ, ಪೆಡಲ್ ಎತ್ತರವಾಗಿ, ಏರಿನಲ್ಲಿ ಮುಂಚಕ್ರ ಹಗುರವಾಗಿ ಅತ್ತಿತ್ತ ಅಲೆಯುತ್ತಿತ್ತು. ನಂದಿ ಬೆಟ್ಟದ ಕಡಿದಾದ ತಿರುವುಗಳಲ್ಲಿ ಡಾಂಬರು ರಸ್ತೆಯ ಮೇಲೇ ಹ್ಯಾಂಡಲ್ ನೆಟ್ಟಗೆ ಹಿಡಿಯಲು ಹೆಣಗಬೇಕಾಯಿತು, ಕಾಡುದಾರಿಯ ಮಾತು ಹಾಗಿರಲಿ.

ಇದು ಕೇವಲ ಹಿಡಿತದ ಪ್ರಶ್ನೆಯೂ ಅಲ್ಲ. ಫೋರ್ಕ್ ಉದ್ದವಾದಷ್ಟೂ ಅದು ಉದ್ದನೆಯ ಸನ್ನೆಗೋಲಿನಂತೆ ಹೆಡ್ ಟ್ಯೂಬ್ ಮತ್ತು ಡೌನ್ ಟ್ಯೂಬ್ (ಅಲ್ಲಿಂದ ಪೆಡಲ್ ಕಡೆಗೆ ಇಳಿಯುವ ಕೊಳವೆ) ಸೇರುವ ಬೆಸುಗೆಯನ್ನು ಮೀಟುತ್ತದೆ, ಮತ್ತು ಅಲ್ಯೂಮಿನಿಯಂ ಇಂಥ ಮರುಮರು ಒತ್ತಡದಿಂದ ದಣಿದು ಬಿರುಕು ಬಿಡುವ ಲೋಹ. ಊರಿನ ಇನ್ನೊಂದು ತುದಿಯ ಹಳೆಯ ಮೆಕ್ಯಾನಿಕ್ ಒಬ್ಬರಿಗೆ ತೋರಿಸಿದಾಗ ಅವರು ಫೋರ್ಕ್ ಕಡೆ ನೋಡುವ ಮೊದಲೇ ಬೆಸುಗೆಯ ಸುತ್ತ ಬಟ್ಟೆಯಿಂದ ಒರೆಸಿ ಬಣ್ಣದಲ್ಲಿ ಗೆರೆ ಇದೆಯೇ ಎಂದು ಟಾರ್ಚ್ ಹಿಡಿದು ಹುಡುಕಿದರು. ಗೆರೆ ಇರಲಿಲ್ಲ. ಆಮೇಲೆ ಸೈಕಲ್‌ನ ಜೊತೆ ಬಂದಿದ್ದ ಕೈಪಿಡಿಯನ್ನು ತರಿಸಿ, ಫ್ರೇಮಿಗೆ ಗರಿಷ್ಠ 100 ಮಿ.ಮೀ. ಫೋರ್ಕ್ ಎಂದೂ, ಮೀರಿದರೆ ವಾರಂಟಿ ಇಲ್ಲವೆಂದೂ ಬರೆದ ಸಾಲನ್ನು ಬೆರಳಿಟ್ಟು ತೋರಿಸಿ, "ಇದನ್ನ ನಾನು ಮುಟ್ಟಲ್ಲ ಸರ್, ಮೊದಲು ತೆಗೆಸಿ" ಎಂದರು. ಅವರ ಮಾತಿನಂತೆ ಈಗ ಹಳೆಯ ಸ್ಪ್ರಿಂಗ್ ಫೋರ್ಕೇ ಮರಳಿ ಕೂತಿದೆ.

ತೆಗೆದ ಫೋರ್ಕನ್ನು ಅವರೇ ಬಿಚ್ಚಿ ನೋಡಿದಾಗ ಕೆಳಕಾಲುಗಳ ಒಳಗೆ ಎಣ್ಣೆ ಹೆಸರಿಗೂ ಇರಲಿಲ್ಲ, ಎಣ್ಣೆ ಹೀರಿಟ್ಟುಕೊಳ್ಳುವ ಫೋಮ್ ರಿಂಗುಗಳು ಒಣಗಿ ಗಟ್ಟಿಯಾಗಿದ್ದವು. ವರ್ಷಗಟ್ಟಲೆ ಪೆಟ್ಟಿಗೆಯಲ್ಲಿ ನಿಂತ ಮಾಲಿಗೆ ಹೀಗಾಗುವುದುಂಟು. ಫೋರ್ಕ್ ತಯಾರಕರಾದ ರಾಕ್‌ಶಾಕ್ಸ್‌ನವರು ಕೆಳಕಾಲುಗಳ ಸರ್ವೀಸನ್ನು ಸಾಮಾನ್ಯವಾಗಿ 50 ಗಂಟೆ ಸವಾರಿಗೊಮ್ಮೆ, ಫಾಕ್ಸ್‌ನವರು ತಮ್ಮ ಫೋರ್ಕ್‌ಗಳಿಗೆ 125 ಗಂಟೆ ಅಥವಾ ವರ್ಷಕ್ಕೊಮ್ಮೆ ಎನ್ನುತ್ತಾರೆ. ಏರ್ ಫೋರ್ಕ್ ಕೊಳ್ಳುವಾಗ ಈ ಖರ್ಚನ್ನೂ, ಫೋರ್ಕಿಗೆ ಗಾಳಿ ತುಂಬುವ ಶಾಕ್ ಪಂಪಿನ ಬೆಲೆಯನ್ನೂ ಸೇರಿಸಿಕೊಳ್ಳಬೇಕು. ಟೈರ್‌ಗೆ ಬಳಸುವ ಪಂಪ್ ಇದಕ್ಕೆ ನಡೆಯುವುದಿಲ್ಲ. ಅಂದ ಹಾಗೆ, ಶಾಕ್ ಪಂಪ್ ಬಿಚ್ಚುವಾಗ ಬರುವ ಪುಸ್ ಸದ್ದಿಗೆ ಗಾಬರಿಯಾಗಬೇಡಿ, ಅದು ಕೊಳವೆಯಲ್ಲಿ ಉಳಿದ ಗಾಳಿ.

ಹಣ ವಾಪಸ್ ಕೇಳಿದಾಗ ಅಂಗಡಿಯ ಮಾಲೀಕರು ಗೋಡೆಯ ಫಲಕದತ್ತ ಕೈ ತೋರಿಸಿದರು: ಒಮ್ಮೆ ಮಾರಿದ ವಸ್ತುವನ್ನು ಹಿಂತೆಗೆದುಕೊಳ್ಳುವುದಿಲ್ಲ. ಮೇಲಾಗಿ ಸ್ಟೀರರ್ ಕತ್ತರಿಸಿದೆಯಲ್ಲ, ಇನ್ನು ಯಾರು ಕೊಳ್ಳುತ್ತಾರೆ ಎಂಬ ವಾದ. ಕತ್ತರಿಸಿದ್ದು ಯಾರು ಎಂಬ ಪ್ರಶ್ನೆಗೆ ಉತ್ತರ ಬರಲಿಲ್ಲ. ಆ ಮಾತಿನಲ್ಲಿ ಅರ್ಧ ಸತ್ಯವಿದೆ ಎಂಬುದೇ ಬೇಸರದ ಸಂಗತಿ. ಅಷ್ಟು ಗಿಡ್ಡ ಸ್ಟೀರರ್ ಇರುವ ಫೋರ್ಕ್ ದೊಡ್ಡ ಫ್ರೇಮಿನವರಿಗೆ ಬೇಡವೇ ಬೇಡ. ನಾನು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟ ಮೇಲೆ ಹಬ್, ಡಿಸ್ಕ್ ಮತ್ತು ಸ್ಟೆಮ್‌ನ ಹಣ ಬಂದಿದೆ. ಫೋರ್ಕ್‌ನದ್ದು ಬಂದಿಲ್ಲ.

ಹಾಗಾದರೆ ಕೊಳ್ಳುವುದು ಹೇಗೆ ಎಂದರೆ, ಅಂಗಡಿಗೆ ಹೋಗುವ ಮೊದಲು ನಿಮ್ಮ ಫ್ರೇಮನ್ನು ನೋಡಿಕೊಳ್ಳಿ. ಹೆಡ್ ಟ್ಯೂಬ್ ಮೇಲೆ ಕೆಳಗೆ ಒಂದೇ ದಪ್ಪವಿದ್ದರೆ ನೇರ ಸ್ಟೀರರ್ ಇರುವ ಸಾಧ್ಯತೆಯೇ ಹೆಚ್ಚು, ಕೆಳಗೆ ಉಬ್ಬಿದ್ದರೆ ಟೇಪರ್ಡ್. ಫೋರ್ಕಿನ ತುದಿಯಲ್ಲಿ ಆಕ್ಸಲ್ ಕೂರುವ ಜಾಗ ಕೆಳಗೆ ತೆರೆದಿದ್ದರೆ ಕ್ವಿಕ್ ರಿಲೀಸ್, ಸುತ್ತಲೂ ಮುಚ್ಚಿದ ತೂತಾಗಿದ್ದರೆ ಥ್ರೂ ಆಕ್ಸಲ್. ಆಕ್ಸಲ್ ನಡುವಿನಿಂದ ಫೋರ್ಕಿನ ನೆತ್ತಿಯಲ್ಲಿ ಬೇರಿಂಗ್ ರೇಸ್ ಕೂರುವ ಜಾಗದವರೆಗಿನ ಉದ್ದವನ್ನು ಟೇಪಿನಲ್ಲಿ ಅಳೆದು ಬರೆದುಕೊಳ್ಳಿ. ಹೊಸ ಫೋರ್ಕ್‌ನ ಇದೇ ಅಳತೆ ಅದಕ್ಕಿಂತ ಎರಡು ಸೆಂಟಿಮೀಟರ್‌ಗಿಂತ ಹೆಚ್ಚಿದ್ದರೆ ಬೇಡವೆನ್ನಿ, ಕೈಪಿಡಿ ಅದಕ್ಕೂ ಕಡಿಮೆ ಹೇಳಿದ್ದರೆ ಕೈಪಿಡಿಯ ಮಾತೇ ಕೊನೆ. ನೇರ ಸ್ಟೀರರ್, ಕ್ವಿಕ್ ರಿಲೀಸ್, 100 ಮಿ.ಮೀ. ಟ್ರಾವೆಲ್ ಇರುವ ಏರ್ ಫೋರ್ಕ್‌ಗಳನ್ನು ಸನ್‌ಟೂರ್ ಮತ್ತು ರಾಕ್‌ಶಾಕ್ಸ್ ಎರಡೂ ತಯಾರಿಸಿವೆ. ಹುಡುಕಲು ಸಮಯ ಹಿಡಿಯಬಹುದು, ಆದರೆ ಚಕ್ರ, ಬ್ರೇಕ್, ಹೆಡ್‌ಸೆಟ್ ಯಾವುದನ್ನೂ ಬದಲಿಸಬೇಕಾಗಿಲ್ಲ. ನಿಮ್ಮ ಫ್ರೇಮಿಗೆ ಅಂಥದ್ದು ಸಿಗದೇ ಹೋದರೆ ಫೋರ್ಕ್‌ಗಿಡುವ ಹಣವನ್ನು ಮುಂದಿನ ಸೈಕಲ್‌ಗೆ ಕೂಡಿಡುವುದೇ ಮೇಲು ಎಂಬುದು ನನ್ನ ಅಭಿಪ್ರಾಯ.

ಸ್ಟೀರರ್ ಕೊಯ್ಯುವ ಕೆಲಸ ಎಲ್ಲಕ್ಕಿಂತ ಕೊನೆಗೆ ಆಗಬೇಕು. ಮೊದಲು ಹೆಡ್‌ಸೆಟ್, ಚಕ್ರ, ಕ್ಯಾಲಿಪರ್, ಸ್ಪೇಸರ್, ಸ್ಟೆಮ್ ಎಲ್ಲವನ್ನೂ ಜೋಡಿಸಿ, ನೀವು ಎದುರಿಗೆ ನಿಂತಿರುವಾಗ ಗೆರೆ ಎಳೆಯಲು ಹೇಳಿ; ಬೇಕಾದ್ದಕ್ಕಿಂತ ಒಂದೆರಡು ಸ್ಪೇಸರ್‌ನಷ್ಟು ಉದ್ದ ಬಿಟ್ಟರೆ ನಷ್ಟವೇನೂ ಇಲ್ಲ. ಬಿಲ್ಲಿನ ವಿಷಯದಲ್ಲೂ ಸಂಕೋಚ ಬೇಡ. ನನಗೆ ಸಿಕ್ಕ ಬಿಲ್ಲಿನಲ್ಲಿ "ಫೋರ್ಕ್, 1" ಎಂದಷ್ಟೇ ಇದೆ, ದೂರು ಕೊಡುವಾಗ ಏನು ಮಾರಿದರೆಂದು ತೋರಿಸಲು ಅದು ಸಾಲಲಿಲ್ಲ. ಮಾದರಿಯ ಹೆಸರು, ಸೀರಿಯಲ್ ನಂಬರ್, ಟ್ರಾವೆಲ್, ಸ್ಟೀರರ್ ಬಗೆ, ಆಕ್ಸಲ್ ಅಳತೆ, ಜೊತೆಗೆ ಯಾವ ಸೈಕಲ್‌ಗೆ ಹೊಂದುತ್ತದೆಂದು ಹೇಳಿ ಕೊಟ್ಟರು ಎಂಬುದು, ಇಷ್ಟನ್ನೂ ಮುಂಗಡದ ರಸೀದಿಯ ಮೇಲೆಯೇ ಬರೆಸಿ ಅಂಗಡಿಯ ಮುದ್ರೆ ಹಾಕಿಸಿಕೊಳ್ಳಿ.