ಬೆಂಗಳೂರಿನ ವಿಳಾಸ, ಹುಬ್ಬಳ್ಳಿಯ ಖೋಲಿ, ಧಾರವಾಡದ ಮನೆ: ಆನ್‌ಲೈನ್ ವ್ಯಾಪಾರದ ನೋಂದಣಿ ಎಲ್ಲಿ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಮತ ಮನೆಗೆ. ನಾನು ಕಸೂತಿ ಸೀರೆ, ದುಪಟ್ಟಾ, ಬ್ಲೌಸ್ ಪೀಸ್ ಆನ್‌ಲೈನ್‌ನಲ್ಲಿ ಮಾರುತ್ತೇನೆ. ವ್ಯಾಪಾರ ಈಗ ಧಾರವಾಡದ ಮಾಳಮಡ್ಡಿಯ ನಮ್ಮ ಮನೆ ವಿಳಾಸದಲ್ಲೇ ನೋಂದಣಿಯಾಗಿದೆ. ಅದಕ್ಕೂ ಮೊದಲು ಬೆಂಗಳೂರಿನ ಬಾಡಿಗೆ ವಿಳಾಸ, ಹುಬ್ಬಳ್ಳಿಯ ಒಂದು ಖೋಲಿ ಎರಡಕ್ಕೂ ದುಡ್ಡು ಕೊಟ್ಟು ನೋಡಿದ್ದೇನೆ. ಹೊಸದಾಗಿ ಶುರು ಮಾಡುವ ಹೆಣ್ಣುಮಕ್ಕಳು "ಜಿಎಸ್‌ಟಿ ಎಲ್ಲಿ ಮಾಡಿಸ್ಬೇಕ್ರೀ ಅಕ್ಕಾ?" ಅಂತ ಕೇಳುತ್ತಲೇ ಇರುತ್ತಾರೆ. ಅವರಿಗಾಗಿ ಬರೆಯುತ್ತಿದ್ದೇನೆ.

ಜಿಎಸ್‌ಟಿ ಬೇಕೇ ಬೇಕಾ ಅನ್ನುವುದನ್ನು ಮೊದಲು ನೋಡಿಕೊಳ್ಳಿ. ಸರಕು ಮಾರುವವರಿಗೆ ನಮ್ಮ ರಾಜ್ಯದಲ್ಲಿ ವರ್ಷಕ್ಕೆ 40 ಲಕ್ಷದವರೆಗೆ ವಿನಾಯಿತಿ ಇದೆ. 2023ರ ಅಕ್ಟೋಬರ್ 1ರಿಂದ, ಮಾರಾಟದ ಆ್ಯಪ್‌ಗಳ ಮೂಲಕ ಕರ್ನಾಟಕದೊಳಗೆ ಮಾತ್ರ ಮಾರುವ ಸಣ್ಣವರಿಗೂ ಜಿಎಸ್‌ಟಿ ಬೇಡ. ಪೋರ್ಟಲ್‌ನಲ್ಲಿ ಒಂದು ದಾಖಲಾತಿ ಸಂಖ್ಯೆ ತೆಗೆದುಕೊಂಡರೆ ಸಾಕು. ಆದರೆ ನನ್ನ ಸೀರೆಗಳು ಜಾಸ್ತಿ ಹೋಗುವುದು ಪುಣೆಗೆ, ಹೈದರಾಬಾದಿಗೆ. ಆ್ಯಪ್ ಮೂಲಕ ರಾಜ್ಯದ ಗಡಿ ದಾಟಿದರೆ ಮೊದಲ ಸೀರೆಗೇ ಜಿಎಸ್‌ಟಿ ಬೇಕು.

ತಂಗಿಯ ಮಗ ಸಾಫ್ಟ್‌ವೇರ್‌ನಲ್ಲಿದ್ದಾನೆ. "ಮೌಶಿ, ಅಮೆರಿಕಾದ ಡೆಲಾವೇರ್‌ನ್ಯಾಗ ಎಲ್‌ಎಲ್‌ಸಿ ಮಾಡು, ಎಲ್ಲಾ ಆನ್‌ಲೈನ್ ಆಗ್ತದ" ಅಂದ. ಎಲ್‌ಎಲ್‌ಸಿ ಅಂದರೆ ಅಲ್ಲಿನ ಒಂದು ಬಗೆಯ ಕಂಪನಿ. ಡಾಲರ್‌ನಲ್ಲಿ ಗಳಿಸುವವರಿಗೆ ಅದು ಸರಿ ಇರಬಹುದು. ಅಲ್ಲಿ ವರ್ಷಕ್ಕೆ 300 ಡಾಲರ್ ತೆರಿಗೆ ಕಟ್ಟಬೇಕು. ವಿದೇಶದ ಒಬ್ಬರೇ ಮಾಲೀಕರಾಗಿದ್ದರೆ 5472 ಎಂಬ ನಮೂನೆಯನ್ನು ಸಲ್ಲಿಸಬೇಕು, ತಪ್ಪಿದರೆ ದಂಡ 25 ಸಾವಿರ ಡಾಲರ್. ನನ್ನ ಸೀರೆ ಇರುವುದು ಧಾರವಾಡದಲ್ಲಿ, ಗಿರಾಕಿ ಕೊಡುವುದು ರೂಪಾಯಿ. ಕಂಪನಿ ಎಲ್ಲಿದ್ದರೂ ಇಲ್ಲಿನ ಜಿಎಸ್‌ಟಿ ತಪ್ಪುವುದಿಲ್ಲ. ಅಲ್ಲಿಗೆ ಆ ಮಾತು ಬಿಟ್ಟೆವು.

ಬೆಂಗಳೂರಿನ ವಿಳಾಸಕ್ಕೆ ವರ್ಷಕ್ಕೆ 15 ಸಾವಿರದ ಹತ್ತಿರ ಕೊಟ್ಟೆ. ವರ್ಚುವಲ್ ಆಫೀಸ್ ಅಂತಾರೆ. ಕೂರಲು ಜಾಗ ಇರುವುದಿಲ್ಲ. ಬಾಡಿಗೆ ಕರಾರು, ಮಾಲೀಕರ ಒಪ್ಪಿಗೆ ಪತ್ರ, ಕರೆಂಟ್ ಬಿಲ್ಲು ಮೂರನ್ನೂ ಅವರೇ ಕೊಡುತ್ತಾರೆ, ಬಂದ ಪತ್ರಗಳನ್ನು ನಮಗೆ ಕಳಿಸುತ್ತಾರೆ. ಬಿಲ್ಲಿನ ಮೇಲೆ ಬೆಂಗಳೂರು ಅಂತ ಇದ್ದರೆ ಗಿರಾಕಿಗೆ ನಂಬಿಕೆ ಜಾಸ್ತಿ ಅಂತ ಎಲ್ಲರೂ ಹೇಳುತ್ತಿದ್ದರು. ನನಗೆ ಅದರಿಂದ ಒಂದು ಸೀರೆಯೂ ಹೆಚ್ಚು ಮಾರಾಟವಾಗಲಿಲ್ಲ. ಧಾರವಾಡದ ಕಸೂತಿ ಬೆಂಗಳೂರಿನಿಂದ ಯಾಕೆ ಬರುತ್ತದೆ ಅಂತ ಕೇಳಿದವರೇ ಇದ್ದಾರೆ!

ದೊಡ್ಡ ತೊಡಕು ಬೇರೆ. ಸರಕು ಇಡುವ, ಕಳಿಸುವ ಜಾಗವೂ ಜಿಎಸ್‌ಟಿಯಲ್ಲಿ ಇರಲೇಬೇಕು. ಮುಖ್ಯ ವಿಳಾಸ ಬೆಂಗಳೂರಿನದಾದರೆ, ಪಾರ್ಸೆಲ್ ಕಟ್ಟುವ ಧಾರವಾಡದ ಮನೆಯನ್ನು ಹೆಚ್ಚುವರಿ ಸ್ಥಳ ಅಂತ ಸೇರಿಸಬೇಕು. ಅದಕ್ಕೆ ಮನೆಯ ಕಾಗದ ಬೇಕು. ಮನೆಯ ಕಾಗದ ಸರಿಹೊಂದುವುದಿಲ್ಲ ಅಂತಲೇ ಅಲ್ಲವೇ ನಾವು ಬೆಂಗಳೂರಿಗೆ ಹೋಗಿದ್ದು? ಈ ಮಾತನ್ನು ವಿಳಾಸ ಮಾರುವವರು ಹೇಳಲೇ ಇಲ್ಲ. ದುಡ್ಡು ಕೊಡುವ ಮೊದಲು ನೀವೇ ಬಾಯಿಬಿಟ್ಟು ಕೇಳಿ.

ಹುಬ್ಬಳ್ಳಿ ಖೋಲಿ ಗೋಕುಲ ರಸ್ತೆಯ ಕಡೆ, ಒಂದು ಮನೆಯ ಕೆಳಗೆ ಸಿಕ್ಕಿತ್ತು. ಕೊರಿಯರ್‌ಗೆ ಬಹಳ ಅನುಕೂಲ. ಸಂಜೆ ತಡವಾಗಿ ಕೊಟ್ಟರೂ ಅವತ್ತೇ ಮಾಲು ಹೊರಡುತ್ತಿತ್ತು. ಮಾಲೀಕರು ಒಳ್ಳೆಯವರೇ. ಆದರೆ ಜಿಎಸ್‌ಟಿ ಅನ್ನುವ ಶಬ್ದ ಕೇಳಿದ ಕೂಡಲೇ ಗಾಬರಿಯಾದರು. 2025ರ ಜುಲೈನಲ್ಲಿ ಯುಪಿಐ ಲೆಕ್ಕ ಹಿಡಿದು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಹೋಗಿದ್ದು ಎಲ್ಲರ ತಲೆಯಲ್ಲಿ ಕೂತಿತ್ತು. "ಅಲ್ರೀ ಬಾಯಿ, ನಾಳೆ ಹೆಸ್ಕಾಂನವ್ರು ಬಂದು ಮೀಟರ್ ಕಮರ್ಷಿಯಲ್ ಮಾಡಿದ್ರ ನಮ್ಮ ಗೃಹಜ್ಯೋತಿ ಹೋಗ್ತದಲ್ರೀ?" ಅಂತ ಕೇಳಿದರು. ಅವರ ಹೆದರಿಕೆ ಸುಳ್ಳಲ್ಲ. ಗೃಹಜ್ಯೋತಿ ಮನೆ ಬಳಕೆಯ ಮೀಟರಿಗೆ ಮಾತ್ರ, ಅಂಗಡಿಗೆ ದರವೇ ಬೇರೆ. ಕೊನೆಗೆ 11 ತಿಂಗಳ ಕರಾರು ಬರೆದುಕೊಟ್ಟರು. ಕರಾರು ಮುಗಿದಾಗಲೆಲ್ಲ ಹೊಸದು ಬರೆಸಬೇಕು, ಆ ಮಾತುಕತೆಯನ್ನೂ ಮೊದಲಿಂದ ಶುರು ಮಾಡಬೇಕು. ಬಾಡಿಗೆ ತಿಂಗಳಿಗೆ 6 ಸಾವಿರ, ಅಡ್ವಾನ್ಸ್ ಬೇರೆ. ನಾನು ಚಿಗರಿ ಬಸ್ ಹತ್ತಿ ಹುಬ್ಬಳ್ಳಿ ಮುಟ್ಟುವುದರೊಳಗೆ ಕೊರಿಯರ್ ಹುಡುಗ ಬೀಗ ನೋಡಿ ವಾಪಸ್ ಹೋಗಿರುತ್ತಿದ್ದ. ಕೂರಲು ಒಬ್ಬರಿದ್ದರೆ ಆ ಖೋಲಿ ಚೆನ್ನಾಗಿ ನಡೆಯುತ್ತಿತ್ತು.

ಇನ್ನು ಮನೆ. ಇದರ ತೊಡಕೂ ಸಣ್ಣದಲ್ಲ. ನಮ್ಮ ಕಡೆ ಅರ್ಧ ಊರಿಗೆ ಇದೇ ಕಥೆ ಇರುತ್ತದೆ, ಹಾಗಾಗಿ ಬಿಡಿಸಿ ಹೇಳುತ್ತೇನೆ.

ಮನೆ ನಮ್ಮ ಮಾವನವರ ಹೆಸರಿನಲ್ಲಿದೆ. ಪಾಲಿಕೆಯ ತೆರಿಗೆ ಪಾವತಿ, ಖಾತೆ ಎರಡೂ ಅವರವೇ. ಆದರೆ ಹೆಸ್ಕಾಂ ಬಿಲ್ಲು ಇವತ್ತಿಗೂ ಅವರ ಅಪ್ಪನ ಹೆಸರಿನಲ್ಲಿ ಬರುತ್ತದೆ. ಅಜ್ಜ ತೀರಿಕೊಂಡು ಬಹಳ ವರ್ಷವಾಯಿತು. ಬಿಲ್ಲು ತಿಂಗಳಿಗೊಮ್ಮೆ ಬರುತ್ತದೆ, ಕಟ್ಟುತ್ತೇವೆ, ಹೆಸರು ಬದಲಿಸುವ ಗೊಡವೆಗೆ ಯಾರೂ ಹೋಗಿಲ್ಲ. ಕೇಳಿದವರೆಲ್ಲ ಒಂದೇ ಮಾತು ಹೇಳಿದರು: ಬಿಲ್ಲಿನ ಹೆಸರು, ಮಾಲೀಕರ ಹೆಸರು ಒಂದೇ ಇಲ್ಲದಿದ್ದರೆ ಅರ್ಜಿ ತಿರಸ್ಕಾರ. ಮೊದಲು ಮೀಟರ್ ಹೆಸರು ಬದಲಿಸಿ. ಅದಕ್ಕೆ ಅಜ್ಜನ ಮರಣ ಪತ್ರ ಬೇಕು. ಅಜ್ಜ ತೀರಿಕೊಂಡಿದ್ದು ಹಳ್ಳಿಯಲ್ಲಿ, ಪತ್ರ ಯಾರ ಕಪಾಟಿನಲ್ಲಿದೆಯೋ ಯಾರಿಗೂ ನೆನಪಿಲ್ಲ.

ದಾರಿ ತೋರಿಸಿದ್ದು ಸಿಬಿಐಸಿಯ, ಅಂದರೆ ಜಿಎಸ್‌ಟಿ ನೋಡಿಕೊಳ್ಳುವ ಕೇಂದ್ರದ ತೆರಿಗೆ ಮಂಡಳಿಯ, ಒಂದು ಸೂಚನೆ. 2025ರ ಏಪ್ರಿಲ್ 17ರದ್ದು, ಸಂಖ್ಯೆ 03/2025. ಬೇಡದ ಕಾಗದ ಕೇಳಿ ಅರ್ಜಿದಾರರನ್ನು ಓಡಾಡಿಸಬೇಡಿ ಅಂತ ಕೇಂದ್ರ ಜಿಎಸ್‌ಟಿ ಅಧಿಕಾರಿಗಳಿಗೆ ಬರೆದದ್ದು. ಮಾಲೀಕತ್ವ ತೋರಿಸಲು ತೆರಿಗೆ ರಸೀದಿ, ಖಾತೆ ನಕಲು, ಕರೆಂಟ್ ಬಿಲ್ಲು ಇಂಥವುಗಳಲ್ಲಿ ಯಾವುದಾದರೂ ಒಂದು ಸಾಕು ಎಂದು ಅದರಲ್ಲಿದೆ. ಜಾಗ ಗಂಡನದೋ ಸಂಬಂಧಿಕರದೋ ಆಗಿದ್ದರೆ, ಅವರು ಸಾದಾ ಹಾಳೆಯ ಮೇಲೆ ಬರೆದ ಒಪ್ಪಿಗೆ ಪತ್ರ, ಅವರ ಗುರುತಿನ ಚೀಟಿ, ಮಾಲೀಕತ್ವದ ಒಂದು ಕಾಗದ. ಅಷ್ಟೇ. ಛಾಪಾ ಕಾಗದವೂ ಬೇಡ.

ಅಂದರೆ ಹೆಸ್ಕಾಂ ಬಿಲ್ಲನ್ನು ಹಾಕುವ ಅಗತ್ಯವೇ ಇರಲಿಲ್ಲ! ಮಾವನವರ ತೆರಿಗೆ ರಸೀದಿ, ಆಧಾರ್, ಅವರ ಕೈಯಿಂದಲೇ ಬರೆಸಿದ ಒಪ್ಪಿಗೆ ಪತ್ರ ಹಾಕಿ ಮುಖ್ಯ ವಿಳಾಸ ಬದಲಿಸಲು ಅರ್ಜಿ ಕೊಟ್ಟೆ. ಊರು ಬದಲಾದರೂ ರಾಜ್ಯ ಅದೇ ಇರುವುದರಿಂದ 29ರಿಂದ ಶುರುವಾಗುವ ನನ್ನ ಜಿಎಸ್‌ಟಿ ಸಂಖ್ಯೆ ಹಾಗೆಯೇ ಉಳಿಯಿತು. ಆದರೂ ಕರೆಂಟ್ ಬಿಲ್ಲು ಎಲ್ಲಿ ಅಂತ ಪ್ರಶ್ನೆ ಬಂತು. ಇಂಥ ಪ್ರಶ್ನೆಗೆ 7 ಕೆಲಸದ ದಿನಗಳಲ್ಲಿ ಉತ್ತರ ಕೊಡಬೇಕು, ಇಲ್ಲದಿದ್ದರೆ ಅರ್ಜಿ ಹೋಯಿತು ಅಂತಲೇ ತಿಳಿಯಿರಿ. ದಿನಾ ಪೋರ್ಟಲ್ ತೆರೆದು ನೋಡಿ, ಮೆಸೇಜ್ ಬರಲಿ ಅಂತ ಕೂರಬೇಡಿ. ನನ್ನ ಕಡತ ಇದ್ದದ್ದು ಕೇಂದ್ರ ಜಿಎಸ್‌ಟಿ ಅಧಿಕಾರಿಗಳ ಬಳಿ, ಆ ಸೂಚನೆ ಬರೆದದ್ದೂ ಅವರಿಗೇ. ಸೂಚನೆಯ ಸಂಖ್ಯೆ, ದಿನಾಂಕ ಬರೆದು, ತೆರಿಗೆ ರಸೀದಿ ಕೊಟ್ಟಿದ್ದೇನೆ ಎಂದು ಉತ್ತರಿಸಿದೆ. ಒಪ್ಪಿಗೆ ಸಿಕ್ಕಿತು.

ಅಧಿಕಾರಿ ಮನೆ ನೋಡಲೂ ಬಂದರು. ಬಾಗಿಲ ಬಳಿ ವ್ಯಾಪಾರದ ಹೆಸರು, ಜಿಎಸ್‌ಟಿ ಸಂಖ್ಯೆ ಇರುವ ಫಲಕ ಇರಬೇಕು, ಅದು ನಿಯಮ. ಫಲಕ ನೋಡಿದರು, ಸೀರೆ ಕಪಾಟು ನೋಡಿದರು, ಫೋಟೊ ತೆಗೆದರು. ಅತ್ತೆ ಚಹಾ ಕೊಡುವಷ್ಟರಲ್ಲಿ ಕೆಲಸ ಮುಗಿದಿತ್ತು.

ಮನೆಯ ವಿಳಾಸದಲ್ಲಿ ನನಗೆ ಸೇರದ ಸಂಗತಿ ಒಂದೇ. ಅದು ಪ್ರತಿ ಬಿಲ್ಲಿನ ಮೇಲೆ ಇರುತ್ತದೆ, ಯಾರು ಬೇಕಾದರೂ ಬಾಗಿಲಿಗೆ ಬರಬಹುದು. ನಮ್ಮ ಮನೆಯಲ್ಲಿ ಯಾವಾಗಲೂ ಒಬ್ಬರಿರುತ್ತಾರೆ, ಹಾಗಾಗಿ ನಡೆಯುತ್ತದೆ. ಒಬ್ಬರೇ ಇರುವ ಹೆಣ್ಣುಮಕ್ಕಳು, ಬಾಡಿಗೆ ಮನೆಯ ಮಾಲೀಕರು ಒಪ್ಪದವರು ಹುಬ್ಬಳ್ಳಿ ಖೋಲಿಯಂಥದ್ದನ್ನೇ ನೋಡಿಕೊಳ್ಳಿ. ಬೆಂಗಳೂರಿನ ವಿಳಾಸವನ್ನು ಮಾತ್ರ, ಮಾಲು ಇಲ್ಲೇ ಇರುವವರಿಗೆ ನಾನು ಹೇಳುವುದಿಲ್ಲ. ಆ 15 ಸಾವಿರಕ್ಕೆ ಕಸೂತಿ ಹಾಕುವ ಅಕ್ಕಂದಿರಿಗೆ ಮುಂಗಡ ಕೊಡಬಹುದು.

ವಿಳಾಸ ಬದಲಿಸಿದವರು ಉದ್ಯಮ್ ಪ್ರಮಾಣಪತ್ರದಲ್ಲೂ (ಸಣ್ಣ ಉದ್ಯಮಗಳಿಗೆ ಸರ್ಕಾರ ಕೊಡುವ ನೋಂದಣಿ ಪತ್ರ) ಅದನ್ನೇ ಹಾಕಿಸಿ. ಚಾಲ್ತಿ ಖಾತೆಗೆ ಬ್ಯಾಂಕಿನವರು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುತ್ತಾರೆ. ಜಿಎಸ್‌ಟಿ, ಉದ್ಯಮ್ ಎರಡೂ ಸರ್ಕಾರದ ಪೋರ್ಟಲ್‌ನಲ್ಲಿ ಪೂರ್ತಿ ಉಚಿತ. ಶುಲ್ಕ ಕೇಳುವ ಪುಟ ತೆರೆದುಕೊಂಡರೆ ಅದು ಸರ್ಕಾರದ್ದಲ್ಲ, ಅಲ್ಲೇ ಮುಚ್ಚಿಬಿಡಿ.