ಇವಿಡಿ ಸೆಟ್ ಕೊಳ್ಳುವ ಮುನ್ನ: ಮೊದಲು ಕಂಬದ ಕ್ಲಾಂಪ್ ನೋಡಿ

ಮೆದುಳಿನ ಕುಹರದಿಂದ ಸಿಎಸ್‌ಎಫ್ (ಮೆದುಳು-ಬೆನ್ನುಹುರಿಯ ಸುತ್ತಲಿನ ದ್ರವ) ಹೊರಕ್ಕೆ ಹರಿಸುವ ಇವಿಡಿ (ಎಕ್ಸ್‌ಟರ್ನಲ್ ವೆಂಟ್ರಿಕ್ಯುಲರ್ ಡ್ರೇನ್) ಸೆಟ್ ನೋಡಲು ಡ್ರಿಪ್ ಸೆಟ್ಟಿನ ಅಣ್ಣನಂತಿರುತ್ತದೆ. ಟ್ಯೂಬು, ಅಳತೆಗೆರೆಯ ಚೇಂಬರ್, ಕೆಳಗೊಂದು ಬ್ಯಾಗು, ನಡುನಡುವೆ ಹರಿವಿನ ದಿಕ್ಕು ತಿರುಗಿಸುವ ತ್ರೀ-ವೇ ಕವಾಟ. ನಾಲ್ಕು ಕಂಪನಿಗಳ ಸೆಟ್ ಮೇಜಿನ ಮೇಲೆ ಬಿಚ್ಚಿಟ್ಟರೆ ನಾಲ್ಕೂ ಒಂದೇ ಥರ ಕಾಣುತ್ತವೆ. ಯಾವುದು ಎಂಥದ್ದು ಎಂದು ತಿಳಿಯುವುದು ರಾತ್ರಿ ಪಾಳಿಯಲ್ಲಿ, ರೋಗಿಯನ್ನು ಸಿಟಿ ಸ್ಕ್ಯಾನಿಗೆ ಒಯ್ಯುವ ಹೊತ್ತಿನಲ್ಲಿ. ಆದ್ದರಿಂದ ಇಲ್ಲಿ ಬ್ರ್ಯಾಂಡ್‌ಗಳ ಹೆಸರಿಲ್ಲ, ಸೆಟ್ಟಿನ ಯಾವ ಭಾಗ ಹೇಗಿರಬೇಕು, ಯಾವುದು ಕೈಕೊಡುತ್ತದೆ ಎಂಬುದಷ್ಟೇ ಇದೆ.

ಹಣ ಕೊಡುವಾಗ ಎಲ್ಲರ ಕಣ್ಣೂ ಕುಹರದೊಳಗೆ ಇಳಿಸುವ ಕೊಳವೆ, ಅಂದರೆ ಕ್ಯಾತಿಟರ್ ಮೇಲೆ. ಕಣ್ಣು ಮೊದಲು ಹೋಗಬೇಕಾದದ್ದು ಐವಿ ಕಂಬಕ್ಕೆ ಸಿಕ್ಕಿಸುವ ಕ್ಲಾಂಪಿನ ಕಡೆಗೆ. ಇವಿಡಿಯಲ್ಲಿ ಎಷ್ಟು ದ್ರವ ಹರಿಯಬೇಕು ಎಂದು ತೀರ್ಮಾನಿಸುವುದು ಎತ್ತರವೊಂದೇ. ಶೂನ್ಯದ ಗೆರೆಯನ್ನು ಕಿವಿಯ ಮುಂದಿನ ಗುಬುಟಿಗೆ, ಅಂದರೆ ಟ್ರೇಗಸ್ಸಿಗೆ ಸರಿಹೊಂದಿಸುತ್ತೇವೆ. ಮೆದುಳಿನ ಕುಹರಗಳನ್ನು ಜೋಡಿಸುವ ಮನ್ರೋ ರಂಧ್ರ ಹೆಚ್ಚುಕಡಿಮೆ ಅದೇ ಮಟ್ಟದಲ್ಲಿರುತ್ತದೆ. 1 ಸೆಂ.ಮೀ. ನೀರಿನ ಎತ್ತರ ಅಂದರೆ 0.74 ಮಿ.ಮೀ. ಪಾದರಸ. ಚೇಂಬರ್ 10 ಸೆಂ.ಮೀ. ಜಾರಿದರೆ 7 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸ. ವಯಸ್ಕರಲ್ಲಿ ಸಿಎಸ್‌ಎಫ್ ತಯಾರಾಗುವುದೇ ಗಂಟೆಗೆ ಸುಮಾರು 20 ಮಿ.ಲೀ. ಕ್ಲಾಂಪ್ ಸಡಿಲವಾಗಿ ಚೇಂಬರ್ ಹಾಸಿಗೆಯ ಮಟ್ಟಕ್ಕೆ ಇಳಿದರೆ ಗಂಟೆಗಟ್ಟಲೆ ಹರಿಯಬೇಕಾದದ್ದು ಕೆಲವೇ ನಿಮಿಷಗಳಲ್ಲಿ ಸುರಿದುಬಿಡುತ್ತದೆ. ಅನ್ಯೂರಿಸಂ (ರಕ್ತನಾಳದ ಉಬ್ಬು) ಇನ್ನೂ ಮುಚ್ಚದ ರೋಗಿಯಲ್ಲಿ ಅದು ಮತ್ತೆ ರಕ್ತಸ್ರಾವಕ್ಕೆ ದಾರಿ. ಬೇರೆಯವರಲ್ಲಿ ಮೆದುಳಿನ ಹೊರಪೊರೆಯ ಕೆಳಗೆ (ಸಬ್‌ಡ್ಯೂರಲ್) ರಕ್ತ ಕಟ್ಟಬಹುದು.

ಹಾಗಾಗಿ ಕ್ಲಾಂಪನ್ನು ಕಂಬಕ್ಕೆ ಬಿಗಿದು, ಚೇಂಬರ್ ತುಂಬಿಸಿ, ಕೈಯಿಂದ ಕೆಳಕ್ಕೆ ಎಳೆದು ನೋಡಿ. ಪ್ಲಾಸ್ಟಿಕ್ ತಿರುಪು ಒಂದು ಸುತ್ತು ಸಡಿಲಾದರೆ ಸಾಕು ಜಾರುವಂಥದ್ದು ಬೇಡವೇ ಬೇಡ. ಎರಡು ಕಡೆ ಕಚ್ಚುವ ಲೋಹದ ಕ್ಲಾಂಪ್ ಇರುವುದು ಒಳ್ಳೆಯದು, ಆದರೆ ಎಂಆರ್‌ಐ ಕೋಣೆಗೆ ಅದನ್ನು ಒಯ್ಯಬಹುದೇ ಎಂದು ಪ್ಯಾಕೆಟ್ಟಿನ ಮೇಲಿನ ಗುರುತು ನೋಡಲೇಬೇಕು.

ಮಟ್ಟ ಹಿಡಿಯಲು ಕೆಲವು ಸೆಟ್‌ಗಳಲ್ಲಿ ಲೇಸರ್, ಕೆಲವದರಲ್ಲಿ ದಾರದ ಜೊತೆ ರಸಮಟ್ಟ. ಲೇಸರ್ ಒಬ್ಬರೇ ಹಿಡಿಯಬಹುದಾದದ್ದು, ಕೆಂಪು ಚುಕ್ಕೆ ಟ್ರೇಗಸ್ ಮೇಲೆ ಬಿತ್ತೆಂದರೆ ಆಯಿತು. ರೋಗಿಯ ಕಣ್ಣಿಗೆ ಬೀಳದಂತೆ ನೋಡಿಕೊಂಡರೆ ಸಾಕು. ದಾರದ್ದಕ್ಕೆ ಇಬ್ಬರು ಬೇಕು, ದಾರ ಜೋತರೆ ಲೆಕ್ಕ ತಪ್ಪುತ್ತದೆ. ಎರಡರಲ್ಲಿ ಯಾವುದಾದರೂ ಸರಿ, ಆದರೆ ಕಣ್ಣಂದಾಜು ಮಾತ್ರ ಕೂಡದು. ಹಾಸಿಗೆಯ ತಲೆಭಾಗ ಎತ್ತಿದರೆ ಚೇಂಬರ್ ತಲೆಗಿಂತ ತಗ್ಗಾಗಿ ಹೆಚ್ಚು ಹರಿಯುತ್ತದೆ, ಇಳಿಸಿದರೆ ಹರಿಯುವುದೇ ನಿಲ್ಲುತ್ತದೆ. ಭಂಗಿ ಬದಲಿಸುವ ಮೊದಲು ಟ್ಯೂಬಿನ ಕ್ಲಾಂಪ್ ಮುಚ್ಚಿ, ಮಟ್ಟ ಹೊಂದಿಸಿ, ಆಮೇಲೆ ತೆರೆಯಿರಿ. ರೋಗಿ ಮಗ್ಗುಲಾದಾಗ ಟ್ರೇಗಸ್ ಬಿಟ್ಟು ಮೂಗಿನ ಬುಡದ ನಡುಗೆರೆ ಹಿಡಿಯಬೇಕು.

ಸ್ಕೇಲಿನ ವಿಷಯದಲ್ಲಿ ನನ್ನ ತಕರಾರು ಎಲ್ಲ ತಯಾರಕರ ಮೇಲೂ ಇದೆ. ಒಂದು ಬದಿ ಸೆಂ.ಮೀ. ನೀರು, ಇನ್ನೊಂದು ಬದಿ ಮಿ.ಮೀ. ಪಾದರಸ, ಎರಡೂ ಒಂದೇ ಅಳತೆಯ ಅಕ್ಷರದಲ್ಲಿ. ‘15ಕ್ಕೆ ಇಡಿ’ ಎಂದು ಬರೆದ ಆದೇಶವನ್ನು ಒಬ್ಬರು ನೀರೆಂದು ಓದಿದರೆ, ಇನ್ನೊಬ್ಬರು ಪಾದರಸವೆಂದು ಓದುತ್ತಾರೆ. 15 ಮಿ.ಮೀ. ಪಾದರಸ ಅಂದರೆ ನೀರಿನಲ್ಲಿ 20 ಸೆಂ.ಮೀ. ಐದು ಸೆಂಟಿಮೀಟರ್ ಅಂತರ! ಎರಡು ಬದಿಗೂ ಬೇರೆ ಬೇರೆ ಬಣ್ಣ ಕೊಟ್ಟಿರುವ ಸೆಟ್ ಸಿಕ್ಕರೆ ಅದನ್ನೇ ಆರಿಸಿ. ಸಿಗದಿದ್ದರೆ ಬಳಸದ ಬದಿಯ ಮೇಲೆ ಟೇಪ್ ಹಚ್ಚಿ.

ಇನ್ನು ತ್ರೀ-ವೇ. ರೋಗಿಯ ಬದಿಯದು ಗಟ್ಟಿಯಾಗಿ ತಿರುಗಬೇಕು, ಮುಚ್ಚಿದೆಯೋ ತೆರೆದಿದೆಯೋ ಮಂದ ಬೆಳಕಿನಲ್ಲೂ ಬೆರಳಿಗೆ ತಿಳಿಯಬೇಕು. ಸಾಧಾರಣ ಲೂಯರ್ ಬಾಯಿ ಇರುವ ಪೋರ್ಟು ಅಪಾಯದ್ದು, ಏಕೆಂದರೆ ಐವಿ ಸಿರಿಂಜ್ ಅದಕ್ಕೆ ಸಲೀಸಾಗಿ ಕೂರುತ್ತದೆ. ರಕ್ತನಾಳಕ್ಕೆ ಹೋಗಬೇಕಾದ ಔಷಧ ಕುಹರಕ್ಕೆ ಹೋಗುವ ತಪ್ಪು ನಡೆಯುವುದು ಹೀಗೆಯೇ. ಐಎಸ್‌ಒ 80369-6 ಪ್ರಕಾರದ ಬಾಯಿ ಇರುವ ಸೆಟ್‌ಗೆ ಐವಿ ಸಿರಿಂಜ್ ಸೇರುವುದಿಲ್ಲ. ಇದಕ್ಕಾಗಿ ಸ್ವಲ್ಪ ಹೆಚ್ಚು ಬೆಲೆ ತೆತ್ತರೂ ನಷ್ಟವಿಲ್ಲ.

ಒತ್ತಡ ಅಳೆಯಲು ಟ್ರಾನ್ಸ್‌ಡ್ಯೂಸರ್ ಜೋಡಿಸುವಾಗ ಹೃದಯ ಐಸಿಯುನಿಂದ ಬಂದವರು ಎಡವುವ ಜಾಗವೊಂದಿದೆ. ಆರ್ಟೀರಿಯಲ್ ಲೈನಿಗೆ (ಅಪಧಮನಿಯ ಕೊಳವೆಗೆ) 300 ಮಿ.ಮೀ. ಒತ್ತಡದ ಬ್ಯಾಗು ಕಟ್ಟುವುದು ಅವರ ಕೈಗೆ ರೂಢಿಯಾಗಿರುತ್ತದೆ, ಗಂಟೆಗೆ ಸುಮಾರು 3 ಮಿ.ಲೀ. ಸಲೈನ್ ಒಳಕ್ಕೆ ಹೋಗುತ್ತಿರುತ್ತದೆ. ಇವಿಡಿಗೆ ಇದನ್ನು ಎಂದೂ ಕಟ್ಟಬಾರದು. ಟ್ರಾನ್ಸ್‌ಡ್ಯೂಸರನ್ನು ಪ್ರಿಸರ್ವೇಟಿವ್ ಇಲ್ಲದ ಸಲೈನಿನಿಂದ ಮೊದಲೇ ತುಂಬಿಸಿ, ಬ್ಯಾಗಿಲ್ಲದೆ ಜೋಡಿಸಬೇಕು. ಅಳೆಯುವಾಗ ಹರಿವನ್ನು ಮುಚ್ಚಬೇಕು, ತೆರೆದಿಟ್ಟೇ ಓದಿದ ಐಸಿಪಿ (ತಲೆಬುರುಡೆಯೊಳಗಿನ ಒತ್ತಡ) ಸಂಖ್ಯೆಯನ್ನು ನಂಬುವಂತಿಲ್ಲ.

ಈಗ ಕ್ಯಾತಿಟರ್. 2003ರಲ್ಲಿ ಪ್ರಕಟವಾದ ರ್‍ಯಾಂಡಮೈಸ್ಡ್ ಟ್ರಯಲ್‌ನಲ್ಲಿ ಮಿನೊಸೈಕ್ಲಿನ್-ರಿಫಾಂಪಿನ್ ಸೇರಿಸಿದ ಇವಿಡಿ ಕ್ಯಾತಿಟರ್ ಬಳಸಿದವರಲ್ಲಿ ಸಿಎಸ್‌ಎಫ್ ಸೋಂಕು 1.3%, ಸಾದಾ ಕ್ಯಾತಿಟರಿನಲ್ಲಿ 9.4%. ಬೆಳ್ಳಿ ಲೇಪದ ಬಗ್ಗೆ ಮಾತನಾಡುವಾಗ ಮಾರಾಟಗಾರರು 2019ರ ಬೇಸಿಕ್ಸ್ ಟ್ರಯಲ್ ಹೆಸರು ಎತ್ತುವುದಿಲ್ಲ. ಅದು ದ್ರವವನ್ನು ಶರೀರದೊಳಗೇ ಬೇರೆಡೆಗೆ ಹರಿಸುವ ಶಂಟ್‌ಗಳ ಮೇಲಿನ ಅಧ್ಯಯನ, ಇವಿಡಿಯದಲ್ಲ, ನಿಜ. ಆದರೆ ಅಲ್ಲಿ ಆಂಟಿಬಯೋಟಿಕ್ ಶಂಟಿನಲ್ಲಿ ಸೋಂಕು 2% ಇದ್ದರೆ, ಬೆಳ್ಳಿಯದರಲ್ಲಿ 6%, ಸಾದಾ ಶಂಟಿನಲ್ಲೂ 6%. ಇತ್ತ ಬೆಳ್ಳಿಯ ಇವಿಡಿಗೆಂದೇ ನಡೆದ ಟ್ರಯಲ್ (2012) ಬೆಳ್ಳಿಯ ಪರವಾಗಿ ಬಂದಿದೆ: 21.4% ಇದ್ದ ಸೋಂಕು 12.3%ಕ್ಕೆ ಇಳಿಯಿತು. ಎರಡನ್ನೂ ಮುಂದಿಟ್ಟು ಕೇಳಿದರೆ ನನ್ನ ಆಯ್ಕೆ ಆಂಟಿಬಯೋಟಿಕ್ ಕ್ಯಾತಿಟರೇ.

ಆದರೆ ಒಳ್ಳೆಯ ಕ್ಯಾತಿಟರ್ ಹಾಕಿ ದಿನಾ ಪೋರ್ಟ್ ತೆರೆದು ಸ್ಯಾಂಪಲ್ ತೆಗೆದರೆ ಕೊಟ್ಟ ದುಡ್ಡು ಹೊಳೆಗೆ ಹುಣಸೆಹಣ್ಣು ತೇದಂತೆ. ಲಕ್ಷಣ ಕಂಡಾಗ ಮಾತ್ರ ತೆಗೆಯಿರಿ, ನಿಧಾನವಾಗಿ, ನಿಮಿಷಕ್ಕೆ 1 ಮಿ.ಲೀ.ಗಿಂತ ಹೆಚ್ಚಲ್ಲದಂತೆ.

ಹರಿವು ನಿಂತರೆ ಮೊದಲು ಟ್ಯೂಬ್ ಮಡಚಿದೆಯೇ, ಕ್ಲಾಂಪ್ ಮುಚ್ಚಿದೆಯೇ ನೋಡಿ. ಬಳಿಕ ಚೇಂಬರನ್ನು ಒಂದು ಕ್ಷಣ ಇಳಿಸಿ. ಹನಿ ಬಿದ್ದರೆ ದಾರಿ ತೆರೆದಿದೆ, ಬೀಳದಿದ್ದರೆ ರಕ್ತದ ಗಡ್ಡೆ ಸಿಕ್ಕಿರಬಹುದು. ರೋಗಿಯ ಕಡೆಗೆ ಫ್ಲಶ್ ಮಾಡುವುದು ನ್ಯೂರೋಸರ್ಜನ್ ಕೆಲಸ, ಅದೂ 1-2 ಮಿ.ಲೀ.ಗಷ್ಟೇ.

ಗಡ್ಡೆಯಿಲ್ಲದೆಯೂ ಹರಿವು ನಿಲ್ಲುವ ಇನ್ನೊಂದು ಕಾರಣ ಚೇಂಬರಿನ ತಲೆಯ ಮೇಲಿರುವ ಗಾಳಿ ಫಿಲ್ಟರ್. ಸೆಟ್ಟನ್ನು ಮುಚ್ಚದೆ ಸ್ಟ್ರೆಚರ್ ಮೇಲೆ ಅಡ್ಡ ಮಲಗಿಸಿದರೆ ಫಿಲ್ಟರ್ ಒದ್ದೆಯಾಗಿ ಗಾಳಿ ಆಡುವುದಿಲ್ಲ. ಡೆಮೊ ಸೆಟ್ಟಿನಲ್ಲಿ ಇದನ್ನೇ ಪರೀಕ್ಷಿಸಿ. ಚೇಂಬರಿಗೆ 50 ಮಿ.ಲೀ. ಸಲೈನ್ ತುಂಬಿಸಿ, ಟ್ಯೂಬಿನ ಕ್ಲಾಂಪ್ ಮುಚ್ಚದೆ ಐದು ನಿಮಿಷ ಅಡ್ಡ ಮಲಗಿಸಿ, ಮತ್ತೆ ನೆಟ್ಟಗೆ ತೂಗುಹಾಕಿ. ಹನಿ ಮೊದಲಿನ ವೇಗದಲ್ಲೇ ಬಿದ್ದರೆ ಖರೀದಿಗೆ ಸಹಿ ಹಾಕಿ.